ಒಂದೇ ಹಗ್ಗದ ಮಾವ ಅಳಿಯ

ಎಲ್ಲಕ್ಕೂ ಕಾರಣ ಒಂದು ‘ಹೂಂ’.

ಅವತ್ತು ಗಡಿಯಾರ ರಿಪೇರಿಯ ವಾಚಣ್ಣ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆ ಕಾಳಿಗಿಂತ ಚಿಕ್ಕದೊಂದು ತಿರುಪನ್ನು ಚಿಮಟದ ತುದಿಯಲ್ಲಿ ಹಿಡಿದು ಕೂತಿದ್ದ. ಜೋರಾಗಿ ಉಸಿರು ಬಿಟ್ಟರೂ ಹಾರಿಹೋಗುವ ತಿರುಪು ಅದು. ಅಂಥ ಹೊತ್ತಿನಲ್ಲಿ ಅಂಗಡಿಯೆದುರು ನಿಂತು ಯಾರು ಏನು ಕೇಳಿದರೂ ಅವನದು ಒಂದೇ ಉತ್ತರ, ಹೂಂ. ಆಗ ಎದುರಿಗೆ ನಿಂತಿದ್ದವರು ಅವನ ಹೆಂಡತಿಯ ಅಪ್ಪ, ನಿವೃತ್ತ ಡ್ರಿಲ್ ಮಾಸ್ತರು. ತಿರುಪು ತನ್ನ ಜಾಗದಲ್ಲಿ ಕೂತು, ಅವನು ಕನ್ನಡಿ ಕಳಚಿ ತಲೆಯೆತ್ತುವಷ್ಟರಲ್ಲಿ ಮಾವ ಬೀದಿಯ ತಿರುವು ದಾಟಿದ್ದರು. ಸಂಜೆ ಹೆಂಡತಿ ಒಂದು ಜೊತೆ ದಪ್ಪ ಬೂಟು ತಂದು ಎದುರಿಗಿಟ್ಟಾಗಲೇ, ತಾನು ಹೂಂಗುಟ್ಟಿದ್ದು ವಾರಗಟ್ಟಲೆಯ ಪರ್ವತಾರೋಹಣಕ್ಕೆ ಎಂದು ಅವನಿಗೆ ಗೊತ್ತಾದದ್ದು.

“ಏಣಿ ಹತ್ತಿದ್ರೇ ತಲೆ ತಿರುಗುತ್ತೆ ಕಣೇ ನಂಗೆ.”

“ಅದನ್ನ ಹೂಂ ಅನ್ನೋ ಮುಂಚೆ ಯೋಚನೆ ಮಾಡ್ಬೇಕಿತ್ತು. ಅಪ್ಪ ಬೀದಿಗೆಲ್ಲ ಹೇಳ್ಕೊಂಡು ಬಂದಾಗಿದೆ. ಜೀವಮಾನದ ಆಸೆ ಅವರದ್ದು. ನಿಮ್ಮಿಂದ ಅದು ತಪ್ಪಿಹೋದ್ರೆ ಆ ಕೋಣೆ ಮಾತು ನಾನಂತೂ ಎತ್ತಲ್ಲ.”

ಕೋಣೆ ಎಂದರೆ ಮಾವನ ಮನೆಯ ಮುಂದಿನ ಕೋಣೆ. ರಸ್ತೆಗೇ ಬಾಗಿಲು, ದಿನವಿಡೀ ಹದವಾದ ಬೆಳಕು, ಒಳಗೆ ಒಂದು ಮುರುಕು ಮೇಜು ಬಿಟ್ಟರೆ ಖಾಲಿ. ವಾಚಣ್ಣನ ಅಂಗಡಿ ಇದ್ದದ್ದು ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ. ಕಟ್ಟಡವನ್ನೇ ಕೆಡವುತ್ತಾರೆ, ತಿಂಗಳ ಕೊನೆಗೆ ಜಾಗ ಬಿಡಬೇಕು ಎಂದು ಮಾಲೀಕ ಹೇಳಿಯಾಗಿತ್ತು. ಮುಂದಿನ ಕೋಣೆ ಸಿಕ್ಕರೆ ಅಂಗಡಿ, ಇಲ್ಲದಿದ್ದರೆ ಬೀದಿ. ತಡವರಿಸಿ ತಡವರಿಸಿ ಒಮ್ಮೆ ಕೇಳಿದ್ದಕ್ಕೆ ಮಾವ, “ಬೆಟ್ಟ ಮುಗಿಸಿ ಬಂದಮೇಲೆ ನೋಡೋಣ ಅಳಿಯಂದಿರೇ” ಎಂದಿದ್ದರು.

ಇನ್ನೊಮ್ಮೆ ಕೇಳುವ ಧೈರ್ಯ ಅವನಿಗಿರಲಿಲ್ಲ. ಈ ಮಾವ ಅಳಿಯನನ್ನು ಎಂದೂ ಏಕವಚನದಲ್ಲಿ ಕರೆದವರಲ್ಲ. ಅಳಿಯ ಮಾವನೆದುರು ಎಂದೂ ಗೋಡೆಗೆ ಒರಗಿ ಕೂತವನಲ್ಲ. ಮದುವೆಯಾಗಿ ಎಷ್ಟೋ ವರ್ಷವಾದರೂ ಇಬ್ಬರ ನಡುವಿನ ಮರ್ಯಾದೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಹಾಗೆ ನೆಟ್ಟಗೆ ನಿಂತಿತ್ತು. ಊಟಕ್ಕೆ ಕೂತರೆ ‘ನೀವು ಮೊದಲು’, ‘ಛೆ, ನೀವು ಮೊದಲು’ ಎನ್ನುವಷ್ಟರಲ್ಲಿ ಬಡಿಸಿದ್ದೆಲ್ಲ ಆರಿ ತಣ್ಣಗಾಗುತ್ತಿತ್ತು.

ಹೀಗೆ, ತುದಿ ಹತ್ತುವ ದಿನ ಬೆಳಕು ಹರಿಯುವ ಹೊತ್ತಿಗೆ ವಾಚಣ್ಣ ಕೊನೆಯ ಶಿಬಿರದ ಟೆಂಟಿನಿಂದ ಬಗ್ಗಿಕೊಂಡು ಹೊರಗೆ ಬಂದು, ತಲೆಯೆತ್ತಿ ನೋಡಿ, ತಲೆ ತಗ್ಗಿಸಿಬಿಟ್ಟ. ಎದುರಿಗೆ ಬೆಟ್ಟ ಇರಲಿಲ್ಲ. ಆಕಾಶಕ್ಕೆ ಒರಗಿಸಿಟ್ಟ ಬಿಳಿಯ ಗೋಡೆಯೊಂದಿತ್ತು.

ದಾರಿ ತೋರಿಸುವವಳು ಗಟ್ಟಿ ಮೈಯ, ಕಡಿಮೆ ಮಾತಿನ ಹೆಂಗಸು. ಎಲ್ಲರೂ ಅವಳನ್ನು ಗೈಡಮ್ಮ ಎನ್ನುತ್ತಿದ್ದರು. ಅವಳು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದಳು: “ನಮ್ಮ ಕ್ರಮ ಗೊತ್ತಲ್ಲ. ಒಂದು ಟೆಂಟಿನ ಇಬ್ಬರು ಒಂದು ಜೋಡಿ. ಒಬ್ರು ಇಳಿದ್ರೆ ಇನ್ನೊಬ್ರೂ ಇಳೀಬೇಕು. ಒಂಟಿಯಾಗಿ ಯಾರನ್ನೂ ಕೆಳಗೆ ಬಿಡಲ್ಲ, ಒಂಟಿಯಾಗಿ ಯಾರನ್ನೂ ಮೇಲೆ ಕರ್ಕೊಂಡು ಹೋಗಲ್ಲ. ಆಗಲ್ಲ ಅನ್ನೋರು ಈಗಲೇ ಹೇಳಿ.”

ವಾಚಣ್ಣನ ಟೆಂಟಿನ ಜೋಡಿ ಮಾವ. ಬಾಯಿಯವರೆಗೂ ಬಂದ ‘ಆಗಲ್ಲ’ ಎಂಬ ಮಾತನ್ನು ಅವನು ಗುಳಿಗೆಯಂತೆ ನುಂಗಿದ.

“ಅಳಿಯಂದಿರೇ,” ಮಾವ ಪಕ್ಕದಿಂದ ಮೆತ್ತಗೆ ಕೇಳಿದರು, “ಹೇಗಿದ್ದೀರಿ? ಆಯಾಸ ಇದ್ರೆ ಸಂಕೋಚ ಬೇಡ, ಹೇಳಿಬಿಡಿ.”

ಪರೀಕ್ಷೆ ಶುರುವಾಯಿತು ಎಂದುಕೊಂಡ ವಾಚಣ್ಣ. “ಛೆ, ಆಯಾಸ ಏನು ಬಂತು ಮಾವ. ನಿಮ್ಗೆ ಹೇಗೆ?”

“ನಂಗಾ? ನಂಗೇನು. ನಿಮ್ಮ ಮೇಲೆ ಬಿಟ್ಟದ್ದು.”

ಜೊತೆಗಿದ್ದ ಇನ್ನೊಂದು ಜೋಡಿ ಬೀದಿಯ ಔಷಧಿ ಅಂಗಡಿಯವರು ಮತ್ತು ವಿಮೆ ಏಜೆಂಟರು. ಮಾವನ ಬೆಳಗಿನ ನಡಿಗೆಯ ಗುಂಪಿನಲ್ಲಿ ಈ ಪ್ರವಾಸದ ಹುಚ್ಚು ಹಬ್ಬಿಸಿದ್ದೇ ಔಷಧಿಯವರು. ಸೊಂಟದ ಚೀಲದಲ್ಲಿ ಅರ್ಧ ಅಂಗಡಿಯನ್ನೇ ಹೊತ್ತು ತಂದಿದ್ದ ಅವರು, ಯಾರು ಆಕಳಿಸಿದರೂ ಒಂದು ಮಾತ್ರೆ ಕೈಗಿಡುತ್ತಿದ್ದರು.

“ವಾಚಣ್ಣ, ಮುಖ ಸುಣ್ಣದ ಗೋಡೆ ಆಗಿದೆಯಲ್ಲ ಮಾರಾಯ. ಇದನ್ನ ನುಂಗು, ಇದನ್ನ ಚೀಪು.”

“ಮುಖದ್ದೇನೂ ಚಿಂತೆ ಇಲ್ಲ,” ಎಂದರು ವಿಮೆಯವರು. “ಹೋದ ವರ್ಷ ಒಬ್ರು ಇಲ್ಲೇ ಮೇಲೆ ಜಾರಿದ್ರಂತೆ. ಮುಖ ಹೋಗ್ಲಿ, ಟೋಪಿನೂ ಸಿಗಲಿಲ್ಲ. ಪಾಪ, ಪಾಲಿಸಿ ನಿಂತುಹೋಗಿತ್ತು. ನಿಂದು ನಡೀತಿದೆ ತಾನೆ?”

ಕಲ್ಲುಪುಡಿಯ ಏರು ಶುರುವಾಯಿತು. ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ಕೆಳಗೆ ಜಾರುವ ಜಾಗ. ವಾಚಣ್ಣನ ಎದೆ ಹಳೆಯ ಅಲಾರಂ ಗಡಿಯಾರದಂತೆ ಬಡಿದುಕೊಂಡಿತು. ಉಸಿರು ಎಷ್ಟೆಳೆದರೂ ಸಾಲದು. ಔಷಧಿಯವರ ಎರಡು ಮಾತ್ರೆಗಳು ಹೊಟ್ಟೆಯೊಳಗೆ ಒಂದನ್ನೊಂದು ಕಂಡು ಜಗಳಕ್ಕೆ ನಿಂತವು. ನೋಟ ಸೊಗಸಾಗಿದೆ ಎಂದು ನೆಪ ಹೇಳಿ ಅವನು ಬಂಡೆಯೊಂದರ ಮರೆಗೆ ಹೋಗಿ ಬೆಳಗಿನ ಚಹಾ, ಬಿಸ್ಕತ್ತು, ಮಾತ್ರೆ ಎಲ್ಲವನ್ನೂ ಬೆಟ್ಟಕ್ಕೆ ಒಪ್ಪಿಸಿದ. ಬಾಯಿ ಒರೆಸಿಕೊಂಡು ತಿರುಗಿದರೆ ಮಾವ ಹಿಂದೆಯೇ ನಿಂತಿದ್ದಾರೆ.

“ಅಳಿಯಂದಿರೇ, ಕಕ್ಕಿದ ಹಾಗಿತ್ತು?”

“ಕೆಮ್ಮು ಮಾವ. ಗಾಳಿ ತಣ್ಣಗಿದೆಯಲ್ಲ.”

“ನಿಜ ಹೇಳಿ. ನಾನೇನೂ ತಪ್ಪು ತಿಳ್ಕೊಳ್ಳಲ್ಲ.”

“ಕೆಮ್ಮೇ ಮಾವ. ನಿಮ್ಮಾಣೆ.”

ಮಾವನ ಮುಖ ಇಳಿದುಹೋಯಿತು. ಸುಳ್ಳು ಸಿಕ್ಕಿಬಿತ್ತು, ಕೋಣೆಯ ಬಾಗಿಲು ಅರ್ಧ ಮುಚ್ಚಿತು ಎಂದುಕೊಂಡ ವಾಚಣ್ಣ. ಉಳಿದರ್ಧ ಮುಚ್ಚಬಾರದೆಂದು ಅವನು ಇದ್ದಬದ್ದ ಶಕ್ತಿಯನ್ನೆಲ್ಲ ಕಾಲಿಗೆ ತಂದು, ಮಾವನಿಗಿಂತ ಮುಂದೆ ಮುಂದೆ ಏರತೊಡಗಿದ. ಹಿಂದಿನಿಂದ ಮಾವನ ಏದುಸಿರು ಬೆನ್ನಟ್ಟಿಕೊಂಡು ಬರುತ್ತಿತ್ತು.

ಕಲ್ಲು ಮುಗಿದು ಹಿಮದ ಇಳಿಜಾರು ಬಂತು. ಬೂಟಿಗೆ ಕಬ್ಬಿಣದ ಮುಳ್ಳು ಕಟ್ಟಿಸಿಕೊಂಡು, ಕೈಗೊಂದು ಹಿಮ ಕಡಿಯುವ ಕೊಡಲಿ ಹಿಡಿದು, ಎಲ್ಲರೂ ಸೊಂಟಕ್ಕೆ ಹಗ್ಗ ಬಿಗಿಸಿಕೊಂಡರು. ಒಂದು ಹಗ್ಗದಲ್ಲಿ ಮುಂದೆ ಗೈಡಮ್ಮ, ನಡುವೆ ವಾಚಣ್ಣ, ಕೊನೆಗೆ ಮಾವ. ಇನ್ನೊಂದರಲ್ಲಿ ಅವಳ ಜೊತೆಗಾರ ಗೈಡು, ಔಷಧಿಯವರು, ವಿಮೆಯವರು. ಎಡಗಡೆ ಹಿಮ ಹಾಸಿದ ಜಾರುಬಂಡೆ ನೇರ ಕೆಳಗಿಳಿದು ಎಲ್ಲೋ ಮೋಡದೊಳಗೆ ಹೋಗಿ ಕಣ್ಮರೆಯಾಗುತ್ತಿತ್ತು.

“ಆ ಕಡೆ ನೋಡಬೇಡಿ,” ಎಂದಳು ಗೈಡಮ್ಮ.

ಹಾಗೆ ಹೇಳಿದ ಮೇಲೆ ನೋಡದೆ ಇರಲಾದೀತೇ. ವಾಚಣ್ಣ ನೋಡಿದ. ಬೂಟಿನ ಮುಳ್ಳು ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿಕೊಂಡಿತು. ಮರುಕ್ಷಣ ಅವನು ಹೊಟ್ಟೆಯ ಮೇಲೆ ಜಾರುತ್ತಿದ್ದ.

ಸದ್ದೇ ಇರಲಿಲ್ಲ. ಕೆನ್ನೆಗೆ ಹಿಮ ಉಜ್ಜುತ್ತಿತ್ತು, ಬೆರಳುಗಳು ಹಿಡಿಯಲು ಏನೂ ಸಿಗದೆ ಪರಚುತ್ತಿದ್ದವು. ಅಂಗಡಿಯಲ್ಲಿ ಬಿಚ್ಚಿಟ್ಟು ಬಂದ ಯಾರದೋ ಗಡಿಯಾರ ಇನ್ನು ಜೋಡಣೆಯಾಗುವುದಿಲ್ಲ ಎಂಬ ಒಂದೇ ಯೋಚನೆ ಅವನ ತಲೆಯಲ್ಲಿ ಹಾದುಹೋಯಿತು. ಅಷ್ಟರಲ್ಲಿ ಸೊಂಟಕ್ಕೆ ಜಗ್ಗಿದ ಹಾಗಾಗಿ ಹಗ್ಗ ಬಿಗಿಯಿತು. ಹಗ್ಗದ ಎಳೆತಕ್ಕೆ ಮಾವನೂ ಉರುಳಿಬಿದ್ದು, ಕೊಡಲಿಯನ್ನು ಹಿಮಕ್ಕೆ ಚುಚ್ಚಿ ಅದನ್ನೇ ತಬ್ಬಿಕೊಂಡು ಮಲಗಿದ್ದರು. ಮೇಲೆ ಗೈಡಮ್ಮ ಮಂಡಿಯೂರಿ, ಹಲ್ಲು ಕಚ್ಚಿ, ಇಬ್ಬರ ಭಾರವನ್ನೂ ಹಿಡಿದಿದ್ದಳು.

“ಅಲ್ಲಾಡಬೇಡಿ,” ಎಂದಳು. “ಮುಳ್ಳು ಊರಿ. ಒಂದೊಂದೇ ಕಾಲು.”

ಒಂದೊಂದೇ ಕಾಲೂರಿ ಮೇಲೆ ಬಂದು ಕೂತಾಗ ವಾಚಣ್ಣನ ಹಲ್ಲುಗಳು ತಾವಾಗಿಯೇ ಮಾತಾಡಿಕೊಳ್ಳುತ್ತಿದ್ದವು. ಆಚೆ ಹಗ್ಗದಿಂದ ವಿಮೆಯವರು, “ಇದನ್ನೇ ನಾನು ಹೇಳಿದ್ದು,” ಎಂದರು. ಔಷಧಿಯವರು ಮಾತ್ರೆ ಹುಡುಕತೊಡಗಿದರು.

ಗೈಡಮ್ಮ ಇಬ್ಬರ ಮುಖವನ್ನೂ ನೋಡಿದಳು. “ಇದೇ ಕೊನೇ ಜಾಗ. ಇಲ್ಲಿಂದ ಇಳಿಯೋದಾದ್ರೆ ನನ್ನ ಜೊತೆಗಾರ ಇಬ್ಬರನ್ನೂ ಶಿಬಿರಕ್ಕೆ ಮುಟ್ಟಿಸ್ತಾನೆ. ಇದು ದಾಟಿದ್ಮೇಲೆ ಬಿಸಿಲಿಗೆ ಹಿಮ ಸಡಿಲ ಆಗುತ್ತೆ, ಈ ದಾರಿ ಇರಲ್ಲ. ತುದಿ ಮುಟ್ಟಿ ಆ ಕಡೆಯಿಂದಲೇ ಇಳೀಬೇಕು. ಏನಂತೀರಿ?”

ಗಾಳಿ ಬೀಸುತ್ತಿತ್ತು.

“ನೀವು ಹೇಳಿ ಮಾವ,” ಎಂದ ವಾಚಣ್ಣ.

“ಅಳಿಯಂದಿರ ಇಷ್ಟ,” ಎಂದರು ಮಾವ. ಅವರ ದನಿ ಒಡೆದಿತ್ತು, ಕಣ್ಣಲ್ಲಿ ನೀರು ತುಂಬಿತ್ತು. “ನೀವು ಏನಂದ್ರೂ ನಂಗೆ ಒಪ್ಪಿಗೆ. ಏನಂದ್ರೂ.”

ಆ ಕಣ್ಣೀರು ಕಂಡು ವಾಚಣ್ಣ ಕರಗಿಹೋದ. ವಯಸ್ಸಾದ ಜೀವ. ಜೀವಮಾನದ ಆಸೆ ಕೈಗೆಟುಕುವಷ್ಟು ದೂರದಲ್ಲಿದೆ. ಅಳಿಯನ ಹೇಡಿತನಕ್ಕೆ ಅದು ಜಾರಿಹೋಗುತ್ತಿದೆ, ಆದರೂ ಒಂದು ಬಿರುಸು ಮಾತಿಲ್ಲ. ಇಂಥ ಮನುಷ್ಯನನ್ನು ಇಲ್ಲಿಂದ ಇಳಿಸಿಕೊಂಡು ಹೋಗಿ, ಆಮೇಲೆ ಯಾವ ಮುಖ ಇಟ್ಟುಕೊಂಡು ಕೋಣೆ ಕೇಳುವುದು. ಅವನು ಕಣ್ಣು ಮುಚ್ಚಿಕೊಂಡು ಹೇಳಿದ:

“ಹತ್ತೋಣ.”

ಮಾವ ಏನೋ ಹೇಳಲು ಬಾಯಿ ತೆರೆದು, ಗಾಳಿ ನುಂಗಿ, ಬಾಯಿ ಮುಚ್ಚಿದರು.

ಮುಂದಿನದು ಏಣು. ಎರಡೂ ಕಡೆ ಪ್ರಪಾತ, ನಡುವೆ ಬೆಂಚಿನಷ್ಟು ಅಗಲದ ದಾರಿ. ಮೋಡ ಬಂದು ಗೈಡಮ್ಮನ ಬೆನ್ನು ಕೂಡ ಕಾಣದಾಯಿತು. ವಾಚಣ್ಣ ಕೈಕಾಲು ನಾಲ್ಕನ್ನೂ ಊರಿ ತೆವಳಿದ. ಗಾಳಿ ಜೋರಾದಾಗಲೆಲ್ಲ ಬೋರಲು ಮಲಗಿ ಬೆಟ್ಟವನ್ನು ತಬ್ಬಿಕೊಂಡ. ಹಿಂದೆ ಹಗ್ಗ ಆಗಾಗ ಬಿಗಿಯುತ್ತಿತ್ತು, ಯಾರೋ ಬೇಕೆಂದೇ ಹಿಂದಕ್ಕೆ ಜಗ್ಗಿದ ಹಾಗೆ. ಮಾವನಿಗೆ ಏನಾಯಿತೋ ಎಂಬ ಗಾಬರಿಯಲ್ಲಿ ಅವನು ಇನ್ನಷ್ಟು ಬಲವಾಗಿ ಮುಂದಕ್ಕೆ ಎಳೆದ.

ಒಂದು ಹೊತ್ತಿನಲ್ಲಿ ಕೈ ಚಾಚಿದರೆ ಮುಂದೆ ಏರೇ ಇರಲಿಲ್ಲ. “ಬಂತು,” ಎಂದಳು ಗೈಡಮ್ಮ. ಮೋಡ ಸರಿಯಿತು. ಸುತ್ತಲೂ ಇದ್ದ ಶಿಖರಗಳೆಲ್ಲ ಕೆಳಗಿದ್ದವು. ಔಷಧಿಯವರು, ವಿಮೆಯವರು ಕುಣಿಯತೊಡಗಿದರು. ಮಾವ ಮಾತ್ರ ಒಂದು ಬಂಡೆಯ ಮರೆಗೆ ಹೋಗಿ ದೊಪ್ಪನೆ ಕುಸಿದು ಕೂತರು. ವಾಚಣ್ಣ ಪಕ್ಕದಲ್ಲಿ ಮಂಡಿಯೂರಿದ.

“ಮಾವ, ನಿಮ್ಮ ಆಸೆ ಈಡೇರ್ತು.”

ಮಾವ ಅವನ ಕಡೆ ತಿರುಗಿದರು.

“ಅಳಿಯಂದಿರೇ, ತಪ್ಪು ತಿಳೀಬೇಡಿ, ಒಂದು ಮಾತು ಕೇಳ್ತೀನಿ. ಅಷ್ಟು ಉದ್ದ ಜಾರಿದ್ರಲ್ಲ, ಆಗ ಇಳಿಯೋಣ ಅನ್ನೋಕೆ ನಿಮ್ಗೆ ಏನು ಧಾಡಿ ಆಗಿತ್ತು?”

“ಅದು ಮಾವ, ನಿಮ್ಮ ಜೀವಮಾನದ ಆಸೆ ಅಂತ...”

“ಆಸೆ ಎರಡನೇ ದಿನಾನೇ ಇಳಿದು ಮನೆಗೆ ಹೋಯ್ತು. ನಾನೊಬ್ಬ ಮೇಲೆ ಬಂದೆ, ಅಷ್ಟೆ. ಬೆಳಗಿನಿಂದ ಬಾಯಿ ಬಿಟ್ಟು ಕೇಳ್ತಾ ಇದ್ದೀನಿ, ಆಯಾಸ ಆಯ್ತಾ, ಕಕ್ಕಿದ್ರಾ ಅಂತ. ಕೊನೆಗೆ ಹಗ್ಗಾನೂ ಜಗ್ಗಿ ನೋಡಿದೆ.”

“ನೀವೇ ಹೇಳಬಹುದಿತ್ತಲ್ಲ ಮಾವ.”

“ಹೆಣ್ಣು ಕೊಟ್ಟ ಮಾವ ರೀ ನಾನು. ಕಾಲು ನಡುಗ್ತಿದೆ ಅಂತ ಅಳಿಯನ ಹತ್ರ ಹೇಗೆ ಹೇಳೋದು?” ಮಾವ ಕೈಗವಸು ಕಳಚಿ, ಕೋಟಿನ ಒಳಜೇಬಿನಿಂದ ಒಂದು ಬೀಗದ ಕೈ ತೆಗೆದರು. “ನೀವು ಇಳಿಯೋಣ ಅಂದ ಕ್ಷಣವೇ ಇದನ್ನ ನಿಮ್ಮ ಕೈಗಿಟ್ಟು ಕಾಲು ಹಿಡೀಬೇಕು ಅಂತಿದ್ದೆ. ಮುಂದಿನ ಕೋಣೇದು.”

ವಾಚಣ್ಣ ಬೀಗದ ಕೈಯತ್ತ ಬಗ್ಗಿದ. “ಈಗ?”

ಮಾವ ಬೆಳಗಿನಿಂದ ಮೊದಲ ಬಾರಿಗೆ ನಕ್ಕರು. “ಈಗಲೂ ನಿಮ್ಗೇ. ತಗೊಳ್ಳಿ.”

ಅವನು ಕೈ ಚಾಚುವಷ್ಟರಲ್ಲಿ ಔಷಧಿಯವರು ಬಂಡೆ ಸುತ್ತಿ ಬಂದು ಮಾವನ ಭುಜ ತಬ್ಬಿಕೊಂಡರು.

“ಮಾಸ್ತರೇ, ಇಲ್ಲಿದ್ದೀರಾ. ಈಗ ತೀರ್ಮಾನ ಆಯ್ತು. ಊರಿಗೆ ಹೋದ ಕೂಡ್ಲೇ ನಮ್ಮದೇ ಒಂದು ಪರ್ವತಾರೋಹಣ ಸಂಘ. ಜಾರಿ ಬಿದ್ರೂ ಹತ್ತಿದ ಮಾವ ಅಳಿಯ ಇರುವಾಗ ಬೇರೆ ಯಾರನ್ನ ಹುಡುಕೋದು? ನೀವು ಅಧ್ಯಕ್ಷರು, ವಾಚಣ್ಣ ಕಾರ್ಯದರ್ಶಿ. ಬರೋ ವರ್ಷ ಇದಕ್ಕಿಂತ ದೊಡ್ಡ ಬೆಟ್ಟ, ಜೋಡಿ ಇದೇ. ಕಚೇರಿಗೆ ಮಾತ್ರ ಜಾಗ ಬೇಕು. ನಿಮ್ಮ ಮುಂದಿನ ಕೋಣೆ ಖಾಲಿ ಇದೆಯಲ್ಲ?”

ವಿಮೆಯವರು ಚಪ್ಪಾಳೆ ತಟ್ಟಿದರು. ಅಧ್ಯಕ್ಷ ಎಂಬ ಮಾತಿಗೆ ಮಾವನ ಬೆನ್ನು ಅಭ್ಯಾಸಬಲದಿಂದ ನೆಟ್ಟಗಾಗಿ, ಮರುಕ್ಷಣ ಕುಗ್ಗಿತು. ಇಲ್ಲ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಅವರು ಅಳಿಯನ ಕಡೆ ತಿರುಗಿದರು. ಬೇಡ ಅನ್ನಿ, ಒಂದೇ ಒಂದು ಸಲ ಬೇಡ ಅನ್ನಿ ಎಂದು ಆ ಕಣ್ಣು ಅಂಗಲಾಚುತ್ತಿತ್ತು. ಬಾಯಿ ಕೇಳಿದ್ದು ಮಾತ್ರ, “ಅಳಿಯಂದಿರು ಏನಂತಾರೋ?”

ವಾಚಣ್ಣನಿಗೆ ಆ ಕಣ್ಣು ಈ ಸಲ ಚೆನ್ನಾಗಿಯೇ ಅರ್ಥವಾಯಿತು. ಆದರೆ ನಾಲ್ಕು ಜನರೆದುರು, ಮಾವನ ಆಸ್ತಿಯ ವಿಷಯದಲ್ಲಿ, ಅಳಿಯನಾದವನು ಹೇಗೆ ಬಾಯಿ ಹಾಕುವುದು. ಇಷ್ಟು ವರ್ಷದ ನಾಲಗೆ ತಲೆಯನ್ನು ಕೇಳದೆಯೇ ಹೊರಳಿತು.

“ನಿಮ್ಮ ಇಷ್ಟ ಮಾವ.”

ಬೀಗದ ಕೈ ಔಷಧಿಯವರ ಸೊಂಟದ ಚೀಲಕ್ಕೆ, ಮಾತ್ರೆಗಳ ಜೊತೆಗೆ ಹೋಯಿತು. ಆಮೇಲೆ ಗೈಡಮ್ಮ ಎಲ್ಲರನ್ನೂ ಒತ್ತಾಗಿ ನಿಲ್ಲಿಸಿ ಫೋಟೋ ತೆಗೆದಳು. ಅದು ಈಗ ಸಂಘದ ಕಚೇರಿಯ ಗೋಡೆಯ ಮೇಲಿದೆ. ಅದರಲ್ಲಿ ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಿದ್ದಾರೆ, ಮಾವ ಅಳಿಯ ಮಾತ್ರ ಒಬ್ಬರ ಮುಖವನ್ನೊಬ್ಬರು ನೋಡುತ್ತ ನಿಂತಿದ್ದಾರೆ. ನೋಡಿದವರೆಲ್ಲ, “ಎಂಥ ಹೊಂದಾಣಿಕೆ ನೋಡಿ, ಮಾವ ಅಳಿಯ ಅಂದ್ರೆ ಹೀಗಿರಬೇಕು” ಎನ್ನುತ್ತಾರೆ.