ಗುಣಪಾಲನ ಜೀಪಿಗೆ ಹೈಡ್ರಾಲಿಕ್ ತೋಳು

ಈ ಭೂಮಿಯ ಮೇಲೆ ಕಬ್ಬಿಣ ಅಂತ ಏನೇನಿದೆಯೋ ಅದೆಲ್ಲ ನನ್ನ ಮಾತು ಕೇಳುತ್ತದೆ ಎಂದು ಇಪ್ಪತ್ತೆಂಟು ವರ್ಷದಿಂದ ನಂಬಿಕೊಂಡು ಬಂದವನು ನಾನು. ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಪೈಪು, ಪಟ್ಟಿ, ತಗಡು ಮಾರುವವನಿಗೆ ಒಂದು ಜೀಪಿನ ಸ್ಟೀರಿಂಗು ಯಾವ ಲೆಕ್ಕ? ಆದ್ದರಿಂದ ಗೆಳೆಯ ಗುಣಪಾಲ ತೀರಿಕೊಂಡು ಹನ್ನೊಂದು ತಿಂಗಳಾದ ಮೇಲೆ ಒಂದು ದಿನ ಊಟಕ್ಕೆ ಕೂತಲ್ಲೇ ಘೋಷಿಸಿದೆ: "ವರ್ಷ ತುಂಬೂದರೊಳಗ ಅವನ ಜೀಪಿಗೆ ಹೈಡ್ರಾಲಿಕ್ ಸ್ಟೀರಿಂಗ್ ಹಾಕಿಸಿ ಜಯಲತಾ ವೈನಿ ಕೈಯಾಗ ಕೊಡ್ತೀನಿ. ಇದು ಸಿದ್ಧೇಶ್ವರನ ಮಾತು."

ನನ್ನ ಹೆಂಡತಿ ಸೌಭಾಗ್ಯ ರೊಟ್ಟಿ ಬಡಿಸುತ್ತ, "ನಮ್ಮ ಬಚ್ಚಲದಾಗಿನ ನಳ ಸೋರಾಕ ಹತ್ತಿ ಎಷ್ಟು ತಿಂಗಳಾತ್ರೀ?" ಎಂದು ಕೇಳಿದಳು.

ಮಹತ್ಕಾರ್ಯಕ್ಕೆ ಹೊರಟವರಿಗೆಲ್ಲ ಇಂಥ ಪ್ರಶ್ನೆ ಎದುರಾಗುತ್ತದೆ. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಗುಣಪಾಲ ಕಾರ್ಕಳದ ಕಡೆಯವನು, ಠಾಣೆಯ ವರ್ತಕ ನಗರದಲ್ಲಿ ಹೋಟೆಲು ನಡೆಸುತ್ತಿದ್ದ. ನಾನು ವಿಜಯಪುರದ ಕಡೆಯವನು, ಮನೆ ಖಾರಘರದಲ್ಲಿ. ಅವನ ಕನ್ನಡ ನನಗೆ, ನನ್ನ ಕನ್ನಡ ಅವನಿಗೆ ಪೂರ್ತಿ ಅರ್ಥವಾಗಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಗೆಳೆತನ ಆಗಿಹೋಗಿತ್ತು, ಅರ್ಥವಾದ ಮೇಲೆ ಬಿಡುವಂತಿರಲಿಲ್ಲ. ಭಾನುವಾರ ಬೆಳಿಗ್ಗೆ ಅವನ ಹಳೆಯ ಜೀಪಿನಲ್ಲಿ ಕಲ್ಯಾಣ ದಾಟಿ, ರಸ್ತೆ ಇಲ್ಲದ ಗುಡ್ಡ ಹುಡುಕಿ ಹತ್ತುವುದು, ಕೆಸರಿನಲ್ಲಿ ಹುಗಿಯುವುದು, ಎಳೆಸಿಕೊಂಡು ಬರುವುದು, ಇದೇ ನಮ್ಮ ತೀರ್ಥಯಾತ್ರೆ. ಸರ್ಕಾರ ರಸ್ತೆ ಮಾಡಿಕೊಟ್ಟಿರುವಾಗ ಅದನ್ನು ಬಿಟ್ಟು ಹೋಗುವ ಗಂಡಸರಿಗೆ ಸೌಭಾಗ್ಯ ಒಂದು ಹೆಸರಿಟ್ಟಿದ್ದಾಳೆ. ಅದನ್ನು ಇಲ್ಲಿ ಬರೆಯುವಂತಿಲ್ಲ.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಗುಣಪಾಲ ಆ ಜೀಪಿಗೆ ಎಮ್ಮೆಯ ಹೊಟ್ಟೆಯಷ್ಟು ದಪ್ಪನೆಯ ಟೈರು ಹಾಕಿಸಿದ. ಸ್ಟೀರಿಂಗು ಬೀಸುಕಲ್ಲಿನಷ್ಟು ಭಾರವಾಯಿತು. ಆಮೇಲೊಂದು ದಿನ ಎಡ ತೋಳು ಒತ್ತಿಕೊಳ್ಳುತ್ತ, ಭುಜದಿಂದ ಕೆಳಗೆ ಏನೋ ಜಗ್ಗಿದ ಹಾಗೆ ನೋವು ಬರುತ್ತದೆ ಮಾರಾಯ, ಎಂದ. ನಾನು ಓದಿಕೊಂಡವನು. ಮನೆಯಲ್ಲಿ ಎರಡು ಕಪಾಟು ತುಂಬ ಪುಸ್ತಕವಿದೆ. ಅರೆಗಳಿಗೆಯೂ ಯೋಚಿಸದೆ ತೀರ್ಪು ಕೊಟ್ಟೆ: "ಅದು ಸ್ಟೀರಿಂಗ್ ಜಗ್ಗಿ ಬಂದ ನೋವು. ಹೈಡ್ರಾಲಿಕ್ ಹಾಕಿಸು, ಹೋಗ್ತದ."

ಅವನು ನಂಬಿದ. ಗಣಪತಿ ಹಬ್ಬದ ಹೊತ್ತಿಗೆ ಸಾಮಾನು ತರಿಸಿದ. ಮುಂದಿನ ಚಕ್ರಗಳ ನಡುವೆ ಕೂರಿಸುವ ತೋಳಿನುದ್ದದ ಸಿಲಿಂಡರು, ಅದಕ್ಕೆ ಎಣ್ಣೆ ತಳ್ಳುವ ಪಂಪು, ಎರಡು ಪೈಪು. ನಮ್ಮ ಕೈ ಸುಮ್ಮನೆ ಸೂಚನೆ ಕೊಟ್ಟರೆ ಸಾಕು, ದುಡಿಯುವುದೆಲ್ಲ ಎಣ್ಣೆ. ಡಬ್ಬಿ ನನ್ನ ಗೋದಾಮಿನಲ್ಲಿ ಇತ್ತು, ಮುಂದಿನ ಭಾನುವಾರ ಮೆಕ್ಯಾನಿಕ್ಕನ ಹತ್ತಿರ ಹೋಗೋಣ ಎಂದು ನಾನು ಹತ್ತು ಭಾನುವಾರ ಹೇಳಿದೆ. ದೀಪಾವಳಿ ಮುಗಿದ ವಾರ ಬೆಳಿಗ್ಗೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತವನು ಏಳಲಿಲ್ಲ. ಐವತ್ತಾರು ವರ್ಷ. ಎಡ ತೋಳು ನೋಯುತ್ತಿತ್ತೇ ಎಂದು ಡಾಕ್ಟರು ಕೇಳಿದಾಗ ನಾನು ಆಸ್ಪತ್ರೆಯ ಗೋಡೆಯ ಮೇಲಿದ್ದ ಫಲಕವನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದೆ. ಹಲ್ಲು ಉಜ್ಜುವ ಸರಿಯಾದ ಕ್ರಮದ ಬಗ್ಗೆ ಇತ್ತು.

ಹೃದಯ ಕೆಟ್ಟದ್ದಕ್ಕೆ ನಾವು ಜೀಪಿಗೆ ಔಷಧ ತರಿಸಿದ್ದೆವು. ಈ ಮಾತನ್ನು ಅವನ ಹೆಂಡತಿ, ನನಗೆ ಅತ್ತಿಗೆಯ ಸಮಾನರಾದ ಜಯಲತಾ ವೈನಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಬಾಯಿಯಿಂದ ಹೇಳಲಾಗದ್ದನ್ನು ಸಿಲಿಂಡರು ಜೋಡಿಸಿ ತೀರಿಸಿಬಿಡೋಣ ಎಂಬುದೇ ನನ್ನ ಘೋಷಣೆಯ ಒಳಗುಟ್ಟು.

ವೈನಿಗೂ ಅವಸರವಿತ್ತು. ಅವರ ವಸತಿ ಸೊಸೈಟಿಯ ಸೆಕ್ರೆಟರಿ ಮನೀಶ ಹೊಸದಾಗಿ ಗಾಜಿನ ನೋಟಿಸ್ ಬೋರ್ಡು ನಿಲ್ಲಿಸಿ, ಅಂಗಳದಲ್ಲಿ ಹನ್ನೊಂದು ತಿಂಗಳಿಂದ ಅಲ್ಲಾಡದ ಜೀಪನ್ನು ತಿಂಗಳ ಕೊನೆಯೊಳಗೆ ತೆಗೆಯಬೇಕೆಂದು ಮೊದಲ ನೋಟಿಸನ್ನೇ ಅದರಲ್ಲಿ ಅಂಟಿಸಿದ್ದ. ವೈನಿ ನನಗೆ ಫೋನಿನಲ್ಲಿ ಹೇಳಿದರು, "ನಿನ್ನ ಕೈಗೆ ಭಾರ ಅಂತ ಅವರು ಒಂದು ದಿನವೂ ಸ್ಟೀರಿಂಗ್ ಕೊಡಲಿಲ್ಲ ಅಣ್ಣ. ಹಗುರ ಮಾಡಿ ಕೊಡಿ, ನಾನೇ ಓಡಿಸುತ್ತೇನೆ. ಆಗುವುದಿಲ್ಲ ಅಂತಾದರೆ ಗುಜರಿಯವನಿಗೆ ಫೋನ್ ಮಾಡುತ್ತೇನೆ."

ಜೀಪನ್ನು ಟ್ರಕ್ಕಿನ ಮೇಲೆ ಹೇರಿಸಿ ಡೊಂಬಿವಲಿಯ ಮೆಕ್ಯಾನಿಕ್ ಜಯೇಶನ ಗ್ಯಾರೇಜಿಗೆ ತಂದೆ. ಅವನು ಒಂದು ವಾರ ಮೈಮುರಿದು ದುಡಿದ. ಕೊನೆಯಲ್ಲಿ ಉಳಿದದ್ದು ಆ ಎರಡು ಪೈಪು. ಎರಡಕ್ಕೂ ಗುಣಪಾಲನೇ ಬಿಳಿ ಪಟ್ಟಿ ಸುತ್ತಿ ಬರೆದಿದ್ದ: ಒಂದರ ಮೇಲೆ ಎಡ, ಇನ್ನೊಂದರ ಮೇಲೆ ಬಲ. ಇಡ್ಲಿ ವಡೆಯ ಬಿಲ್ಲಿನಲ್ಲಿ ನಾನು ಎಷ್ಟೋ ವರ್ಷ ನೋಡಿದ ಅದೇ ಅಕ್ಷರ. ಜಯೇಶನಿಗೆ ಕನ್ನಡ ಬಾರದು. ಇಡೀ ಗ್ಯಾರೇಜಿನಲ್ಲಿ ಅದನ್ನು ಓದಬಲ್ಲ ಏಕಮಾತ್ರ ಪಂಡಿತ ನಾನು. ಪಟ್ಟಿ ಕಿತ್ತುಹಾಕಿ, ಮುಂದಿನ ಚಕ್ರ ಎತ್ತಿ, ಎಂಜಿನ್ ಹಚ್ಚಿ ಒಂದು ದಿನ ಪರೀಕ್ಷೆ ಮಾಡೋಣ ಎಂದು ಅವನು ಹಿಂದಿಯಲ್ಲಿ ಎರಡು ಸಲ, ಮರಾಠಿಯಲ್ಲಿ ಒಂದು ಸಲ ಹೇಳಿದ. ನನಗೆ ಸಿಟ್ಟು ಬಂತು. ಸತ್ತವನ ಅಕ್ಷರದ ಮೇಲೆ ಸಂಶಯ ಪಡುವುದೇ? ಮರುದಿನವೇ ಆಯುಧ ಪೂಜೆ ಬೇರೆ. ಅವನು ಬರೆದ ಹಾಗೆಯೇ ಜೋಡಿಸಿ ಕಳಿಸು ಎಂದೆ. ಎರಡೂ ಪೈಪು ನಾನು ಓದಿದಂತೆ ಸೇರಿಕೊಂಡವು.

ಗುಣಪಾಲ ಆ ಪಟ್ಟಿ ಬರೆದದ್ದು ಜೀಪಿನ ಮೂತಿಯ ಎದುರು ನಿಂತುಕೊಂಡು ಎಂಬುದು ಆಮೇಲೆ ತಿಳಿಯಿತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಮೂವತ್ತು ವರ್ಷ ಗಿರಾಕಿಗಳ ಮುಖ ನೋಡಿದವನು, ಜೀಪಿನ ಮುಖವನ್ನೂ ಹಾಗೆಯೇ ನೋಡಿದ್ದಾನೆ. ಅವನ ಎಡ ಎಂದರೆ ಜೀಪಿನ ಬಲ. ಬದುಕಿದ್ದರೆ ಕೇಳಬಹುದಿತ್ತು.

ಆಯುಧ ಪೂಜೆಯ ಬೆಳಿಗ್ಗೆ ನಾವು ವರ್ತಕ ನಗರ ಮುಟ್ಟಿದಾಗ, ಟ್ರಕ್ಕಿನಿಂದ ಎಂಜಿನ್ ಹಚ್ಚದೆ ತಳ್ಳಿ ಇಳಿಸಿದ್ದ ಜೀಪಿಗೆ ವೈನಿ ಆಗಲೇ ಚೆಂಡು ಹೂವಿನ ಮಾಲೆ ಹಾಕಿದ್ದರು. ಸೂತಕದ ವರ್ಷ, ಹಬ್ಬ ಮಾಡಬಹುದೇ ಎಂದು ಸೌಭಾಗ್ಯ ಮೆಲ್ಲಗೆ ಕೇಳಿದಳು. ಹಬ್ಬ ಇಲ್ಲದ್ದು ನಮಗೆ, ಜೀಪಿಗೆ ಉಂಟು ಎಂದರು ವೈನಿ. ನಾಲ್ಕು ಟೈರಿನ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟು, ಸೆರಗು ಸಿಕ್ಕಿಸಿಕೊಂಡು, ಸ್ಟೀರಿಂಗಿನ ಮುಂದೆ ಕೂತು ಎಂಜಿನ್ ಹಚ್ಚಿದರು. ಒಂದು ಬೆರಳಿನಲ್ಲಿ ತಿರುಗಿಸಿದರೆ ಸಾಕು, ಬಲಕ್ಕೆ ಹೊರಳಿಸಿ ಗೇಟಿಗೆ ಬನ್ನಿ ಎಂದು ನಾನು ಸೇನಾಪತಿಯ ಹಾಗೆ ಕೈ ಬೀಸಿದೆ.

ವೈನಿ ಬಲಕ್ಕೆ ತಿರುಗಿಸಿದರು. ಜೀಪು ಎಡಕ್ಕೆ ಹೊರಳಿತು. ಇನ್ನಷ್ಟು ಬಲಕ್ಕೆ ಎಳೆದರು. ಸ್ಟೀರಿಂಗು ಅವರ ಕೈಯಿಂದ ಕಿತ್ತುಕೊಂಡು ತಾನೇ ಗಿರ್ರನೆ ಎಡಕ್ಕೆ ಸುತ್ತಿತು. ಮುಂದಿನ ಟೈರು ಪಕ್ಕಕ್ಕೆ ಸರಿದು ಎರಡು ನಿಂಬೆಹಣ್ಣು ಬದುಕಿಕೊಂಡವು, ಹಿಂದಿನ ಎರಡು ಅಪ್ಪಚ್ಚಿಯಾದವು. ನಾನು ಓಡಿಹೋಗಿ, ಬಾಗಿಲಿಲ್ಲದ ಜೀಪಿನೊಳಕ್ಕೆ ಎಡಗೈ ಹಾಕಿ ಸ್ಟೀರಿಂಗು ಹಿಡಿದೆ. ಇಪ್ಪತ್ತೆಂಟು ವರ್ಷ ಕಬ್ಬಿಣ ಆಳಿದ ಕೈ. ಸ್ಟೀರಿಂಗಿನ ಕಡ್ಡಿ ನನ್ನ ಹೆಬ್ಬೆರಳನ್ನು ತಿರುವಿ ಬದಿಗಿಟ್ಟು ತನ್ನ ಪಾಡಿಗೆ ತಾನು ಸುತ್ತಿಕೊಂಡಿತು. ವೈನಿ ಬ್ರೇಕು ಒತ್ತುವಷ್ಟರಲ್ಲಿ ಜೀಪು ಹೋಗಿ ಗಾಜಿನ ನೋಟಿಸ್ ಬೋರ್ಡನ್ನು ಅಪ್ಪಿಕೊಂಡಿತ್ತು.

ಮನೀಶ ಲುಂಗಿಯಲ್ಲೇ ಇಳಿದು ಬಂದ. ಬಂಪರಿನ ಮೇಲೆ ಅವನ ಸಹಿ ಇದ್ದ ಕಾಗದ ಬಿದ್ದಿತ್ತು. ಸೌಭಾಗ್ಯ ಅವನಿಗೆ ಮರಾಠಿಯಲ್ಲಿ, ನೋಟಿಸು ಜೀಪಿಗೆ ಖುದ್ದಾಗಿ ಮುಟ್ಟಿತು ಎಂದು ಬರೆದುಕೊಳ್ಳಿ ಎಂದಳು. ನಂತರ ನನ್ನ ಕಡೆ ತಿರುಗಿ, "ಯಾಕ್ರೀ, ಕೈ ಯಾಕ ಹಂಗ ಹಿಡಕೊಂಡೀರಿ?" ಎಂದಳು. ಹೆಬ್ಬೆರಳು ಬದನೆಕಾಯಿಯಾಗಿತ್ತು. ಏನಿಲ್ಲ, ಮೊಣಕೈ ತನಕ ಸ್ವಲ್ಪ ನೋವು ಎಂದೆ.

ವೈನಿ ಜೀಪಿನಿಂದ ಇಳಿದವರು ಗಾಜಿನ ಚೂರುಗಳ ಮೇಲೆಯೇ ನಡೆದು ಬಂದರು. ಯಾವ ಕೈ ಎಂದು ಕೇಳಿದರು. ಎಡ ಎಂದೆ. ಆಮೇಲೆ ನನ್ನ ಯಾವ ಮಾತೂ ನಡೆಯಲಿಲ್ಲ. ರಿಕ್ಷಾ ಹಿಡಿದು ಹತ್ತಿರದ ಆಸ್ಪತ್ರೆಗೆ ಕೊಂಡೊಯ್ದರು. ಚಿಕ್ಕ ವಯಸ್ಸಿನ ಡಾಕ್ಟರು ಬೆರಳು ನೋಡಿ, ಮೂಳೆ ಬಿರುಕು ಬಿಟ್ಟಿದೆ, ಪಟ್ಟಿ ಹಾಕೋಣ ಎಂದ. ಮೊದಲು ಇಸಿಜಿ ಎಂದರು ವೈನಿ. ಹೆಬ್ಬೆರಳಿಗೆ ಇಸಿಜಿ ಯಾಕೆ ಎಂದು ಅವನು ನಕ್ಕ. ವೈನಿ ನಗಲಿಲ್ಲ. ಅವನು ನರ್ಸನ್ನು ಕರೆದ.

ಅಂಗಿ ಬಿಚ್ಚಿಸಿ, ಎದೆಗೆ ಆರು ಕಡೆ ಅಂಟು ಬಿಲ್ಲೆ ಹಚ್ಚಿ ನನ್ನನ್ನು ಮಲಗಿಸಿದರು. ಕಾಗದ ಹೊರಗೆ ಬಂತು. ಡಾಕ್ಟರು ನೋಡಿ, ನಿಮ್ಮ ಹೃದಯ ಕುದುರೆಯ ಹಾಗಿದೆ ಎಂದು ಬೆನ್ನು ತಟ್ಟುವ ಧಾಟಿಯಲ್ಲಿ ಹೇಳಿ ಹೋದ. ಬದುಕಿನಲ್ಲಿ ಇಷ್ಟು ನಾಚಿಕೆಗೇಡಿನ ಒಳ್ಳೆಯ ಸುದ್ದಿ ನಾನು ಕೇಳಿರಲಿಲ್ಲ.

ವೈನಿ ಸ್ಟೂಲಿನ ಮೇಲೆ ಕೂತಿದ್ದರು. ಛಾವಣಿಯ ಫ್ಯಾನು ನೋಡುತ್ತ ನಾನು ಎಲ್ಲ ಹೇಳಿಬಿಟ್ಟೆ. ತೋಳುನೋವು ಸ್ಟೀರಿಂಗ್‌ನಿಂದ ಎಂದದ್ದು, ಹತ್ತು ಭಾನುವಾರ ಮುಂದೂಡಿದ್ದು, ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತದ್ದು. "ಅವನನ್ನ ಕೊಂದವ ನಾನ ವೈನಿ," ಎಂದೆ.

ಅವರು ಸ್ಟೂಲು ಹತ್ತಿರಕ್ಕೆ ಎಳೆದುಕೊಂಡರು.

"ಮೂರು ತಿಂಗಳು ನಾನು ಓಮದ ನೀರು ಕುಡಿಸಿದ್ದೇನೆ, ಗ್ಯಾಸು ಅಂತ," ಎಂದರು. "ಹೋಟೆಲಿನ ಭಟ್ಟರು ಎಣ್ಣೆ ತಿಕ್ಕಿದರು. ಮಗ ಸಮಿತ್ ದಿಂಬು ಬದಲಾಯಿಸಿದ. ಡಾಕ್ಟರ ಹತ್ತಿರ ಹೋಗುವುದು ಬೇಡ ಅಂತ ಯಾರು ಹೇಳಿದರೂ ಅವರು ನಂಬುತ್ತಿದ್ದರು. ನಿಮ್ಮನ್ನು ಮಾತ್ರ ನಂಬಿ ಸತ್ತದ್ದು ಅಂತ ಎಣಿಸಿಕೊಂಡಿದ್ದೀರಾ? ಇದರಲ್ಲಿಯೂ ನಿಮಗೇ ಒಂದನೇ ನಂಬರ್ ಬೇಕಾ ಅಣ್ಣ?"

ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ನರ್ಸ್ ಬಂದು, ಎದೆಗೆ ಅಂಟಿಸಿದ್ದ ಬಿಲ್ಲೆಗಳನ್ನು ಕೂದಲ ಸಮೇತ ಒಂದೊಂದಾಗಿ ಕಿತ್ತಳು. ಕಣ್ಣೀರಿಗೆ ಒಂದು ಮರ್ಯಾದೆಯ ಕಾರಣ ಸಿಕ್ಕಿತು.