ಯಾವ ಮೀಟರಿನ ನಾಯಿ?

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ, ಮೀಟರಣ್ಣನ ಚಪ್ಪಲಿಯ ಮೇಲೆ ತಲೆಯಿಟ್ಟು ಒಂದು ನಾಯಿ ಮಲಗಿತ್ತು. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತುಬಿದ್ದದ್ದು. ಕುತ್ತಿಗೆಯಲ್ಲಿ ಹಳೆಯ ಚರ್ಮದ ಪಟ್ಟಿ. ಅಂದರೆ ಬೀದಿಯದಲ್ಲ, ಯಾರದೋ ಮನೆಯದು. ಇದಕ್ಕಾಗಿ ಯಾರು ಎಲ್ಲಿ ಅಳುತ್ತಿದ್ದಾರೋ ಎಂದುಕೊಂಡ ಮೀಟರಣ್ಣನ ಕಣ್ಣೇ ಮೊದಲು ಒದ್ದೆಯಾಯಿತು.

ಮನೆಮನೆಗೆ ಹೋಗಿ ಕರೆಂಟಿನ ಮೀಟರು ಓದಿ ಬರೆದುಕೊಳ್ಳುವುದು ಅವನ ಕೆಲಸ. ಒಂದು ತಿಂಗಳಲ್ಲಿ ಅವನ ಬಾಗಿಲಿಗೆ ಬಂದ ಐದನೆಯ ನಾಯಿ ಇದು. ಹಿಂದಿನ ನಾಲ್ಕನ್ನೂ ಊಟ ಬಿಟ್ಟು, ಬೀದಿ ಬೀದಿ ಅಲೆದು, ಅವುಗಳ ಗೇಟಿನೊಳಗೆ ಬಿಟ್ಟು, ಯಾರ ಹೊಗಳಿಕೆಗೂ ನಿಲ್ಲದೆ ವಾಪಸು ಬಂದಿದ್ದ. ಇಂಥ ಮನುಷ್ಯರು ಬೀದಿಗೊಬ್ಬರು ಇದ್ದರೆ ಸಾಕು, ಲೋಕ ಉದ್ಧಾರವಾಗುತ್ತದೆ. ಅಂಥವರ ಜೊತೆ ಸಂಸಾರ ಮಾಡುವುದು ಬೇರೆ ಮಾತು, ಅದನ್ನು ಅವನ ಹೆಂಡತಿಯನ್ನೇ ಕೇಳಬೇಕು.

ಕೆಳಗಿನ ಮನೆಯಲ್ಲಿದ್ದ ಮನೆಯೊಡತಿ ಮೆಟ್ಟಿಲು ಹತ್ತಿ ಬಂದರು.

"ಇದು ಐದನೇದು!"

"ಪಾಪ ಅಮ್ಮಾ, ದಾರಿ ತಪ್ಪಿಬಿಟ್ಟಿದೆ."

"ಊರಲ್ಲಿರೋ ನಾಯಿಗಳೆಲ್ಲ ದಾರಿ ತಪ್ಪಿ ನನ್ನ ಮನೆಗೇ ಬರಬೇಕಾ? ನೋಡಿ, ಸಂಜೆ ಆರು ಗಂಟೆಗೆ ಈ ಕಾಂಪೌಂಡಿನಲ್ಲಿ ಒಂದೇ ಒಂದು ಬಾಲ ಕಂಡ್ರೂ ನಾಳೆ ನೀವು ಮನೆ ಖಾಲಿ ಮಾಡಿ."

ಅವರು ಹೇಳಿದ್ದನ್ನು ಮಾಡಿಯೇ ತೀರುವ ಹೆಂಗಸು. ಹೆಂಡತಿ ಮೂಗಿನ ಮೇಲೆ ಬೆರಳಿಟ್ಟಳು. "ರೀ, ಒಂಬತ್ತು ವರ್ಷ ಇದ್ದ ಮನೆ. ಬೇಗ ಹೊರಡಿ!"

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕರೆಯದಿದ್ದರೂ ಬಂದರು. ಬೇರೆಯವರ ಕಷ್ಟದಲ್ಲಿ ಸಲಹೆ ಕೊಡುವುದೆಂದರೆ ಅವರಿಗೆ ಎಲ್ಲಿಲ್ಲದ ಉತ್ಸಾಹ.

"ಈ ನಾಯೀನ ಎಲ್ಲಾದ್ರೂ ನೋಡಿದ್ದೀಯಾ? ನೆನಪು ಮಾಡ್ಕೋ."

ಇಲ್ಲೇ ಇದ್ದದ್ದು ತೊಂದರೆ. ನಾಲ್ಕು ಸಾವಿರ ಮೀಟರುಗಳು ಮೀಟರಣ್ಣನಿಗೆ ಅಂಗೈ ಗೆರೆಯಷ್ಟು ಪರಿಚಿತ. ಯಾವುದರ ಮೇಲೆ ಜೇಡ ಬಲೆ ಕಟ್ಟಿದೆ, ಯಾವುದು ಗೊರ್ ಎನ್ನುತ್ತದೆ, ಎಲ್ಲ ಗೊತ್ತು. ಆದರೆ ಆ ಮನೆಗಳ ಮನುಷ್ಯರಾಗಲಿ ನಾಯಿಗಳಾಗಲಿ ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಮೀಟರು ಬರೆದು ಮುಗಿಯುವಷ್ಟರಲ್ಲಿ ಅವನ ಕಣ್ಣು ಮುಂದಿನ ಮನೆಯ ಮೀಟರಿನ ಮೇಲಿರುತ್ತಿತ್ತು.

"ಈ ಕಿವಿ ಎಲ್ಲೋ ನೋಡಿದೀನಿ ಮೇಷ್ಟ್ರೇ," ಎಂದು ಅವನು ಹಣೆ ಉಜ್ಜಿಕೊಂಡ. "ಇದು ಗಾಜು ಒಡೆದ ಮೀಟರಿನ ನಾಯಿ."

"ಗಾಜು ಒಡೆದದ್ದು ಎಷ್ಟಿವೆ?"

"ಹೊಳೆಯಾಚೆ ಬಡಾವಣೇಲಿ ಮೂವತ್ತೊಂದು."

ನಾಯಿಗೆ ಹಗ್ಗ ಕಟ್ಟಿ, ಮೇಷ್ಟ್ರ ಕೊಡೆಯ ನೆರಳಿನಲ್ಲಿ ಇಬ್ಬರೂ ಹೊರಟರು.

ಮೊದಲನೆಯ ಗೇಟು ತಳ್ಳಿದ್ದೇ ತಡ, ಒಳಗೆ ಫ್ಯಾನು ನಿಂತಿತು, ಟೀವಿ ಬಾಯಿ ಮುಚ್ಚಿತು. ಭಾನುವಾರವೂ ಮೀಟರಿನವನು ಬಂದಿದ್ದಾನೆ, ಜೊತೆಗೆ ಕೊಡೆ ಹಿಡಿದ ದೊಡ್ಡ ಸಾಹೇಬರೂ ಇದ್ದಾರೆ, ಕಳ್ಳ ಕರೆಂಟು ಮೂಸಿ ಹಿಡಿಯುವ ನಾಯಿಯನ್ನೂ ತಂದಿದ್ದಾರೆ ಎಂದು ಬೀದಿಯಿಡೀ ಸುದ್ದಿ ಹಬ್ಬಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಒಬ್ಬ ತಾರಸಿ ಹತ್ತಿ ಕಂಬದಿಂದ ಎಳೆದಿದ್ದ ತಂತಿಯನ್ನು ಕಿತ್ತು ಅಂಗಿಯೊಳಗೆ ತುರುಕಿಕೊಂಡು ಕೆಳಗಿಳಿದ. ಅವನ ಹೊಟ್ಟೆ ಒಂದೇ ಕಡೆ ಉಬ್ಬಿತ್ತು.

"ಈ ನಾಯಿ ನಿಮ್ದಾ ಅಣ್ಣಾ?" ಎಂದು ಮೀಟರಣ್ಣ ವಿನಯದಿಂದ ಕೇಳಿದ.

"ನಮ್ಮನೇಲಿ ಫ್ರಿಜ್ಜೇ ಇಲ್ಲ ಸ್ವಾಮಿ!" ಎಂದು ಅವನು ಒಳಗೋಡಿದ.

ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಇಪ್ಪತ್ತು ಮನೆ ಮುಗಿದವು. ಎಂಟು ಮನೆಯವರು ಬಾಗಿಲೇ ತೆಗೆಯಲಿಲ್ಲ. ಉಳಿದವರು ಏನು ಕೇಳಿದರೂ ಗೊತ್ತಿಲ್ಲ ಅಂದರು. ಮೇಷ್ಟ್ರ ಕಾಲು ಬಾತುಕೊಂಡಿತು, ಸಲಹೆಗಳೂ ಕಡಿಮೆಯಾದವು. ನಾಯಿ ಮಾತ್ರ ಮದುವೆ ಮೆರವಣಿಗೆಗೆ ಬಂದಂತೆ ಖುಷಿಯಾಗಿತ್ತು.

ಇಪ್ಪತ್ತೊಂದನೆಯ ಮನೆಯ ಹೆಂಗಸು ಮೀಟರಿಗೆ ಬೆನ್ನು ಕೊಟ್ಟು ಅಡ್ಡ ನಿಂತಳು. ಅವನು ಬಾಯಿ ತೆರೆಯುವ ಮೊದಲೇ, "ಹೌದು ಹೌದು, ನಮ್ಮದೇ ನಾಯಿ! ಕೊಟ್ಟು ಹೋಗಿ!" ಅಂದಳು.

ಮೇಷ್ಟ್ರು ಹಿಗ್ಗಿದರು. "ಇನ್ನೇನು, ಕೊಡು ಮಾರಾಯ."

"ಒಂದ್ಸಲ ಹೆಸರು ಹಿಡಿದು ಕರೀರಿ ಅಕ್ಕಾ," ಅಂದ ಮೀಟರಣ್ಣ.

ಅವಳು ಮೂರು ಹೆಸರು ಕರೆದಳು. ಮೂರನೆಯದು ಅವಳ ಮೈದುನನದಿರಬೇಕು, ಒಳಗಿನಿಂದ ಒಬ್ಬ "ಏನತ್ಗೇ?" ಅಂದ. ನಾಯಿ ಆಕಳಿಸಿತು.

ಮೇಷ್ಟ್ರು ಅವನ ಕಿವಿಯಲ್ಲಿ ಹೇಳಿದರು, "ಸುಮ್ನೆ ಬಿಟ್ಟು ನಡಿ. ನಾಲ್ಕು ಗಂಟೆ ಆಗ್ತಾ ಬಂತು. ನಿನ್ನ ಮನೆ ಉಳಿಯುತ್ತೆ."

"ನನ್ನ ಮನೆ ಉಳಿಯುತ್ತೆ ಮೇಷ್ಟ್ರೇ. ಇದರ ಮನೆ?"

ಮೇಷ್ಟ್ರು ಮೂವತ್ತೈದು ವರ್ಷ ಪಾಠ ಹೇಳಿದವರು. ಆ ಪ್ರಶ್ನೆ ಕೇಳಿದ್ದೇ ಕೊಡೆ ಬಿಚ್ಚಿ ಅವನ ತಲೆಗೇ ಹಿಡಿದರು. ಈ ಕಥೆ ಹೇಳುತ್ತಿರುವ ನನಗೂ ಅವನ ಮೇಲೆ ಗೌರವ ಹೆಚ್ಚಾದದ್ದು ಇಲ್ಲೇ.

ಇಪ್ಪತ್ತೊಂಬತ್ತನೆಯ ಮೀಟರು ಬೀಗ ರಿಪೇರಿಯ ಅಂಗಡಿಯದು. ತಿರುವಿನಲ್ಲೇ ನಾಯಿ ಹಗ್ಗ ಕಿತ್ತುಕೊಂಡು ಓಡಿ, ಕೀಲಿಕೈಗಳ ರಾಶಿಯನ್ನು ಉರುಳಿಸಿ, ಬೀಗದಜ್ಜನ ಮಡಿಲೇರಿ ಮುಖ ನೆಕ್ಕಿತು. ಅಜ್ಜ ಅದರ ಜೋತುಬಿದ್ದ ಕಿವಿಯನ್ನು ಎತ್ತಿ ಹಿಡಿದುಕೊಂಡು ಮಗುವಿನ ಹಾಗೆ ಅತ್ತುಬಿಟ್ಟ. ಮೀಟರಣ್ಣನೂ ಅತ್ತ. ಮೇಷ್ಟ್ರು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು.

"ನಿನ್ನೆಯಿಂದ ಒಂದು ತುತ್ತು ಗಂಟಲಲ್ಲಿ ಇಳಿದಿಲ್ಲಪ್ಪ," ಅಂದ ಅಜ್ಜ. "ಎಲ್ಲ ಆ ಮೀಟರು ಓದೋ ಪಾಪಿಯಿಂದ! ಗೇಟು ದಾಟೋಕೆ ನಾಯಿಗಳಿಗೆ ಬಿಸ್ಕತ್ತು ಹಾಕ್ತಾನೆ, ಆಮೇಲೆ ಹಿಂದೆ ತಿರುಗಿ ನೋಡದೆ ಹೋಗ್ತಾನೆ. ಇವು ಬಾಲ ಆಡಿಸ್ಕೊಂಡು ಅವನ ಹಿಂದೆ. ಈ ತಿಂಗಳು ಹೀಗೆ ಐದು ನಾಯಿ ಹೋದವು. ನಾನು ಬಗ್ಗಿ ಕೀಲಿಕೈ ಉಜ್ಜುತಾ ಇದ್ದೆ, ಖಾಕಿ ಪ್ಯಾಂಟು ಕಂಡಿತು, ಮುಖ ಕಾಣಲಿಲ್ಲ. ಕಂಡಿದ್ರೆ ಬಿಡ್ತಿದ್ನಾ? ನಾಲ್ಕನ್ನ ಯಾರೋ ಪುಣ್ಯಾತ್ಮ ವಾಪಸು ತಂದು ಬಿಟ್ಟನಂತೆ. ಅದು ನೀನೇ ಇರಬೇಕು. ಆ ಪಾಪಿ ಹುಟ್ಟಿದ ಭೂಮೀಲೇ ನಿನ್ನಂಥವನೂ ಹುಟ್ಟಿದೀಯಲ್ಲ!"

ಮೇಷ್ಟ್ರಿಗೆ ಕೆಮ್ಮು ಬಂತು. ಇಪ್ಪತ್ತೆರಡು ವರ್ಷ ಒಂದು ನಾಯಿಯೂ ತನ್ನನ್ನು ಕಚ್ಚಿಲ್ಲ ಎಂದು ಹೆಮ್ಮೆಪಟ್ಟಿದ್ದ ಮೀಟರಣ್ಣ ಇಂಗು ತಿಂದ ಮಂಗನಂತಾದ. ಸುಮ್ಮನಿದ್ದರೆ ಪುಣ್ಯಾತ್ಮನಾಗಿಯೇ ಉಳಿಯಬಹುದಿತ್ತು.

"ಅಜ್ಜಾ," ಅಂದ. "ಆ ಖಾಕಿ ಪ್ಯಾಂಟೂ ನಾನೇ."

ಅಜ್ಜ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಕೈಯಲ್ಲಿದ್ದ ಸುತ್ತಿಗೆಯನ್ನೂ ಒಮ್ಮೆ ನೋಡಿ, ಕೆಳಗಿಟ್ಟ.

"ಹೋಗು ಮಾರಾಯ. ಒಪ್ಕೊಂಡ್ಯಲ್ಲ, ಅಷ್ಟು ಸಾಕು."

ಇನ್ನು ಜನ್ಮದಲ್ಲಿ ನಾಯಿಗೆ ಬಿಸ್ಕತ್ತು ಹಾಕುವುದಿಲ್ಲ ಎಂದು ಆಣೆಯಿಟ್ಟು ಮೀಟರಣ್ಣ ಮನೆಯ ಕಡೆ ಓಡಿದ. ಮೇಷ್ಟ್ರು ಕುಂಟುತ್ತಾ ಎಲ್ಲೋ ಹಿಂದುಳಿದರು. ಗೇಟಿನಲ್ಲಿ ಮನೆಯೊಡತಿ ಗಡಿಯಾರ ಹಿಡಿದು ನಿಂತಿದ್ದರು. ಆರಕ್ಕೆ ಇನ್ನೂ ಐದು ನಿಮಿಷವಿತ್ತು.

"ಮುಟ್ಟಿಸಿ ಬಂದೆ ಅಮ್ಮಾ! ನೋಡಿ, ಒಂದು ಬಾಲವೂ ಇಲ್ಲ!" ಎಂದು ಅವನು ಎರಡೂ ಕೈ ಚಾಚಿದ.

ಮನೆಯೊಡತಿ ಅವನ ಬೆನ್ನ ಹಿಂದೆ ಬೆರಳು ತೋರಿಸಿದರು. ಮೀಟರಣ್ಣ ಹಿಂದೆ ತಿರುಗಿ ನೋಡಿದ.

ಒಂದು ಕರಿಯದು, ಒಂದು ಚುಕ್ಕೆಯದು, ಒಂದು ಮೊಲದಷ್ಟೇ ಇದ್ದದ್ದು. ಮೂರೂ ಸಾಲಾಗಿ ಕೂತು ಅವನ ಜೇಬನ್ನೇ ನೋಡುತ್ತಿದ್ದವು. ಬೆಳಿಗ್ಗೆಯಿಂದ ಇಪ್ಪತ್ತೊಂಬತ್ತು ಗೇಟು ದಾಟಿದ್ದ. ಜೇಬಿಗೆ ಕೈ ಹಾಕಿದರೆ ಬರೀ ಬಿಸ್ಕತ್ತಿನ ಪುಡಿ ಸಿಕ್ಕಿತು.

"ನಾಳೆ ಬೆಳಿಗ್ಗೆ ಕೀಲಿಕೈ ಕೊಟ್ಟು ಹೊರಡಿ," ಎಂದು ಮನೆಯೊಡತಿ ಒಳಗೆ ನಡೆದರು.

ಮೆಟ್ಟಿಲ ಮೇಲೆ ನಿಂತಿದ್ದ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. "ರೀ, ಮೀಟರು ತಿರುಗದೆ ಖಾಲಿ ಬಿದ್ದಿರೋ ಮನೆ ಯಾವುದಿದೆ, ನೆನಪು ಮಾಡ್ಕೊಳ್ಳಿ. ಎಲ್ಲಾದ್ರೂ ಹೋಗೋಣ."

ಮೀಟರಣ್ಣ ಆಗಲೇ ನೆಲದ ಮೇಲೆ ಕೂತು ಚುಕ್ಕೆ ನಾಯಿಯ ಕುತ್ತಿಗೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ.

"ನಮ್ಮ ಮನೆ ಆಮೇಲೆ ಹುಡುಕಿದ್ರಾಯ್ತು ಕಣೇ," ಅಂದ. "ಮೊದಲು ಇವುಗಳದ್ದು."