ಲೋನಿನ ಕಂತು ಮತ್ತು ಒಂದು ತುಂಡು ಮೈಸೂರು ಪಾಕು

ಕಚೇರಿಗೆ ಹೋಗಿ ಕೆಲಸ ಮಾಡಿಸಿಕೊಂಡು ಬರುವ ವಿದ್ಯೆ ನನಗೆ ವಂಶಪಾರಂಪರ್ಯವಾಗಿ ಬಂದದ್ದು. ಮೈಸೂರಿನಲ್ಲಿ ನಮ್ಮಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮನೆಯಿಂದ ಹೊರಟರೆಂದರೆ, ನಲ್ಲಿ ಕನೆಕ್ಷನ್ನಾಗಲಿ, ರೇಷನ್ ಕಾರ್ಡಾಗಲಿ, ಮುಗಿಸಿಕೊಂಡೇ ಬರುತ್ತಿದ್ದರು. "ಅರ್ಜಿ ಹಾಕಿ ಸುಮ್ಮನೆ ಕೂತ್ಕೊಂಡ್ರೆ ಆಗಲ್ಲ ಕಣೋ. ಎದುರಿಗೆ ಹೋಗಿ ನಿಂತ್ಕೋಬೇಕು. ಎಂಥಾ ಆಫೀಸರಿಗೂ ದಾಕ್ಷಿಣ್ಯ ಹುಟ್ಟುತ್ತೆ" ಎನ್ನುತ್ತಿದ್ದರು. ಹೀಗಿರುವಾಗ ಕೆನಡಾದ ಒಂದು ಕಾಲೇಜಿನ ಕಚೇರಿ ನನಗೆ ಯಾವ ಲೆಕ್ಕ?

ವಿಷಯ ಇಷ್ಟೆ. ಮೈಸೂರಿನಲ್ಲಿ ಇಂಜಿನಿಯರಾಗಿದ್ದ ನಾನು ಟೊರಾಂಟೊ ಪಕ್ಕದ ಮಾಲ್ಟನ್ನಿಗೆ ಬಂದೆ. ಇಲ್ಲಿನದೊಂದು ಸರ್ಟಿಫಿಕೇಟ್ ಇಲ್ಲದೆ ಯಾರೂ ಕೆಲಸ ಕೊಡುವುದಿಲ್ಲವೆಂದು ಗೊತ್ತಾಗಿ, ಮೀಸೆ ನರೆಯುವ ವಯಸ್ಸಿನಲ್ಲಿ ಕಾಲೇಜು ಸೇರಿದೆ. ಫೀಸಿಗೆ ಸರ್ಕಾರದ ಸ್ಟೂಡೆಂಟ್ ಲೋನು. ಓದು ಮುಗಿದು ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸವೂ ಸಿಕ್ಕಿತು. ಆದರೆ ಆ ವರ್ಷದ ಬೇಸಿಗೆಯಿಂದ ನನ್ನ ಶಿಫ್ಟುಗಳು ಅರ್ಧಕ್ಕೆ ಇಳಿದಿದ್ದವು. ಲೋನಿನ ಕಂತು ಮಾತ್ರ ಒಂದು ಡಾಲರೂ ಇಳಿಯದೆ ಪ್ರತಿ ತಿಂಗಳು ನಿಷ್ಠೆಯಿಂದ ಬರುತ್ತಿತ್ತು.

ಇದರಲ್ಲಿ ನಿಜವಾಗಿ ಸಿಕ್ಕಿಹಾಕಿಕೊಂಡವಳು ನನ್ನ ಹೆಂಡತಿ ವಸುಧಾ. ಡೇಕೇರ್ ಒಂದರಲ್ಲಿ ಅವಳು ಹೆಲ್ಪರ್. ಓದಿ, ಪುಟ್ಟ ಮಕ್ಕಳ ಟೀಚರ್ ಆಗಬೇಕೆಂಬುದು ಅವಳ ಆಸೆ. ನನ್ನ ಓದಿಗಾಗಿ ಒಮ್ಮೆ, ನನ್ನ ಕೆಲಸದ ಹುಡುಕಾಟಕ್ಕಾಗಿ ಇನ್ನೊಮ್ಮೆ ಅದನ್ನು ಮುಂದೂಡಿದ್ದಳು. ಈಗ ನಾನು ಓದಿದ ಕಾಲೇಜಿನಲ್ಲೇ ಜನವರಿಗೆ ಅವಳಿಗೆ ಸೀಟು ಸಿಕ್ಕಿತ್ತು. ನವೆಂಬರಿನ ಕೊನೆಯ ಶುಕ್ರವಾರದೊಳಗೆ ಮೊದಲ ಫೀಸು ಕಟ್ಟಬೇಕು. ಕಟ್ಟದಿದ್ದರೆ ಸೀಟು ಬೇರೆಯವರಿಗೆ.

"ಮನೇಗೆ ಒಂದು ಲೋನು ಸಾಕು, ನನಗೆ ಇನ್ನೊಂದು ಬೇಡ" ಎಂದು ಅವಳು ಮೊದಲೇ ಹೇಳಿದ್ದಳು. ಸೆಪ್ಟೆಂಬರಿನ ಒಂದು ಸಂಜೆ ಲ್ಯಾಪ್‌ಟಾಪನ್ನು ನನ್ನ ಮುಂದೆ ತಳ್ಳಿದಳು.

"ರೀ, ಇಲ್ನೋಡಿ. ಆದಾಯ ಕಡಿಮೆ ಆದೋರಿಗೆ ಸ್ಟೂಡೆಂಟ್ ಲೋನಿನ ಕಂತು ಇಳಿಸ್ತಾರಂತೆ. ಎಲ್ಲಾ ತುಂಬಿದೀನಿ. ನೀವು ಪಾಸ್‌ವರ್ಡ್ ಹಾಕಿ ಬಟನ್ ಒತ್ತಿದ್ರೆ ಸಾಕು. ಎರಡು ತಿಂಗಳು ಕಂತು ಉಳಿದ್ರೂ ನನ್ನ ಫೀಸು ಆಗುತ್ತೆ."

ನಾನು ನಕ್ಕೆ. ಬಟನ್ ಒತ್ತಿದರೆ ಯಾರಿಗಾದರೂ ದಾಕ್ಷಿಣ್ಯ ಹುಟ್ಟುತ್ತದೆಯೇ?

"ವಸು, ಇಂಥಾದ್ದನ್ನೆಲ್ಲ ಖುದ್ದಾಗಿ ಹೋಗಿ ಮಾತಾಡ್ಬೇಕು. ಕಾಲೇಜಲ್ಲೇ ಲೋನಿಗೆ ಸಲಹೆ ಕೊಡೋ ಆಫೀಸಿದೆ. ನಾನು ಹೋಗಿ ಬರ್ತೀನಿ. ಪೂರ್ತಿ ಸೊನ್ನೆ ಮಾಡಿಸ್ಕೊಂಡು ಬರ್ತೀನಿ!"

"ಬಟನ್ ಒತ್ತಿಬಿಟ್ಟು ಆಮೇಲೆ ಹೋಗಿ ಎಷ್ಟು ಬೇಕಾದ್ರೂ ಮಾತಾಡಿ."

"ಅದು ಅವರಿಗೆ ಅವಮಾನ" ಎಂದೆ. ಯಾರಿಗೆ ಅವಮಾನ ಎಂದು ನನಗೇ ಗೊತ್ತಿರಲಿಲ್ಲ.

ಇಲ್ಲಿ ನನ್ನದೊಂದು ಸ್ವಭಾವದ ಬಗ್ಗೆ ಹೇಳಬೇಕು. ನಾನು ಕನಸು ಕಾಣುವವನು. ರಾತ್ರಿಯ ಕನಸಲ್ಲ, ಎಚ್ಚರದಲ್ಲಿ, ಕಣ್ಣು ಬಿಟ್ಟುಕೊಂಡು. ಮಾಲ್ಟನ್ನಿನಲ್ಲಿ ವಿಮಾನಗಳು ಮನೆಯ ಸೂರು ಸವರಿದಂತೆ ಇಳಿಯುತ್ತವೆ. ಹಿತ್ತಲ ಮೆಟ್ಟಿಲಲ್ಲಿ ಕಾಫಿ ಹಿಡಿದು ಕೂತರೆ, ಆ ದೊಡ್ಡ ಹೊಟ್ಟೆಗಳು ತಣ್ಣಗೆ ತಲೆಯ ಮೇಲೆ ತೇಲಿಹೋಗುವುದನ್ನು ನೋಡುತ್ತ ನೋಡುತ್ತ ನಾನೂ ತೇಲತೊಡಗುತ್ತೇನೆ. ಆ ದಿನಗಳಲ್ಲಿ ತೇಲಿ ತಲುಪುತ್ತಿದ್ದದ್ದು ಉತ್ತರದ ಒಂದು ಸರೋವರಕ್ಕೆ. ಅದರ ದಡದಲ್ಲಿ ನನ್ನದೊಂದು ಮರದ ಮನೆ. ಮನೆಯ ಮುಂದೆ ಕೆಂಪು ದೋಣಿ. ನೀರಿನ ಮೇಲೆ ಬೆಳಗಿನ ಮಂಜು ಮೆಲ್ಲಗೆ ಏಳುತ್ತಿದೆ. ಡಾಲರ್ ನಾಣ್ಯದ ಮೇಲಿರುತ್ತದಲ್ಲ, ಆ ಲೂನ್ ಹಕ್ಕಿ ಎಲ್ಲೋ ದೂರದಲ್ಲಿ ಕೂಗುತ್ತದೆ. ವಸುಧಾ ದೋಣಿಯಲ್ಲಿ ಕೂತು ಪುಸ್ತಕ ಓದುತ್ತಿದ್ದಾಳೆ, ನಾನು ಹುಟ್ಟು ಹಾಕುತ್ತಿದ್ದೇನೆ. ಲೋನು ಎಂಬ ಶಬ್ದವೇ ಆ ಸರೋವರದಲ್ಲಿ ಯಾರಿಗೂ ಗೊತ್ತಿಲ್ಲ.

ಹೀಗೆ ಸೆಪ್ಟೆಂಬರ್ ಕಳೆಯಿತು. ಮೇಪಲ್ ಎಲೆಗಳು ಕೆಂಪಾಗಿ, ಹಳದಿಯಾಗಿ, ಉದುರಿಯೂ ಹೋದವು. ನಾನಿನ್ನೂ ಹುಟ್ಟು ಹಾಕುತ್ತಲೇ ಇದ್ದೆ! ವಸುಧಾ ಬೈದು ಬೈದು, ಕೊನೆಗೆ ಅವಳೇ ಫೋನ್ ಮಾಡಿ ನನಗೊಂದು ಅಪಾಯಿಂಟ್‌ಮೆಂಟ್ ಗೊತ್ತುಮಾಡಿದಳು. ದೀಪಾವಳಿ ಕಳೆದ ಮೇಲೆ, ಫೀಸಿನ ಗಡುವಿಗೆ ಸ್ವಲ್ಪ ದಿನ ಮುಂಚೆ.

ಅಪಾಯಿಂಟ್‌ಮೆಂಟಿನ ದಿನ ನನ್ನ ಸಿದ್ಧತೆ ಸರ್ವಾಂಗೀಣವಾಗಿತ್ತು. ಆರತಕ್ಷತೆಗೆ ಹೊಲಿಸಿದ ಸೂಟು ತೊಟ್ಟೆ. ಹರಳಿನ ಉಂಗುರ ಹಾಕಿಕೊಂಡೆ. ಬಸ್ಸಿನಲ್ಲಿ ಹೋದರೆ ಸೂಟು ಮುದುಡುತ್ತದೆಂದು, ಅರೋರಾ ಎಂಬ ಊರಿನಲ್ಲಿರುವ ಗೆಳೆಯ ಧಾರವಾಡದ ಶ್ರೀಪಾದನ ಹೊಸ ಕಾರು ಕೇಳಿ ತಂದಿದ್ದೆ. ಕಪ್ಪು ಬಣ್ಣದ, ಚರ್ಮದ ಸೀಟಿನ, ನೋಡಿದರೆ ಮಂತ್ರಿಗಳು ಇಳಿಯುತ್ತಾರೆ ಅನ್ನಿಸುವಂಥ ಕಾರು. ಕೀಲಿ ಕೊಡುವಾಗಲೇ ಶ್ರೀಪಾದ ನನ್ನನ್ನು ಮೇಲಿಂದ ಕೆಳಗೆ ನೋಡಿದ್ದ.

"ಅಲ್ಲೋ ಮಾರಾಯಾ, ಕಂತು ಕಡಿಮಿ ಮಾಡ್ರಿ ಅಂತ ಕೇಳಾಕ ಹೊಂಟೀಯೋ, ಕಾಲೇಜ ಖರೀದಿ ಮಾಡಾಕ ಹೊಂಟೀಯೋ?"

ಉತ್ತರ ಕರ್ನಾಟಕದವರಿಗೆ ಎಲ್ಲವೂ ತಮಾಷೆ ಎಂದುಕೊಂಡೆ.

ಕೊನೆಯದಾಗಿ, ಬರಿಗೈಯಲ್ಲಿ ಹೋಗುವುದು ಹೇಗೆ? ವಸುಧಾ ಡೇಕೇರಿನವರಿಗೆಂದು ಮೈಸೂರು ಪಾಕು ಮಾಡಿಟ್ಟಿದ್ದಳು. ಅವಳು ಕೆಲಸಕ್ಕೆ ಹೋಗಿದ್ದಾಗ ಅದರಲ್ಲಿ ಅರ್ಧವನ್ನು ಒಂದು ಡಬ್ಬಿಗೆ ತುಂಬಿಕೊಂಡು ಹೊರಟೆ.

ಆಫೀಸಿನಲ್ಲಿದ್ದವಳು ಜಾನೆಟ್ ಎಂಬ ನಗುಮುಖದ ಹೆಂಗಸು. ಅವಳ ಕಿಟಕಿಯ ಮುಂದೆಯೇ ನಾನು ಕಾರು ನಿಲ್ಲಿಸಿದ್ದೆ. ಅವಳು ಕಾರು ನೋಡಿದಳು, ಸೂಟು ನೋಡಿದಳು, ಉಂಗುರ ನೋಡಿದಳು. ಆಮೇಲೆ ತನ್ನ ಕಾಗದ ನೋಡಿಕೊಂಡಳು.

"ನೀವು ಕಂತು ಕಡಿಮೆ ಮಾಡಿಸೋದಕ್ಕೆ ಬಂದಿದ್ದೀರಿ, ಅಲ್ಲವಾ?"

"ಹೌದು ಮೇಡಂ. ಅದೊಂದು ಸಣ್ಣ ವಿಷಯ" ಎಂದೆ.

"ಮನೆಯಲ್ಲಿ ತುಂಬಾ ಕಷ್ಟ ಇದೆಯಾ? ಸಂಕೋಚ ಬೇಡ, ಹೇಳಿ."

ಅಲ್ಲಿ ಕೆಟ್ಟಿತು ನೋಡಿ! ಅವಳು ಕೇಳಲಿ ಎಂದು ನಾನು ಕಾದಿದ್ದ ಪ್ರಶ್ನೆ ಅದೇ. ಹೇಳಬೇಕಾದ ಉತ್ತರವೂ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಕಷ್ಟವನ್ನು ಹೊರಗಿನವರ ಹತ್ತಿರ, ಅದೂ ಸೂಟು ಹಾಕಿಕೊಂಡು, ಹೇಳಿಕೊಳ್ಳುವುದುಂಟೇ? ನಮ್ಮ ಕಡೆ ಹೊಟ್ಟೆಗಿಲ್ಲದಿದ್ದರೂ ಯಾರಾದರೂ ಕೇಳಿದರೆ "ಈಗ ತಾನೇ ಊಟ ಆಯ್ತು" ಎಂದೇ ಹೇಳುವುದು. ನನ್ನ ಬಾಯಿ ನನ್ನ ಅಪ್ಪಣೆಯಿಲ್ಲದೆ ತೆರೆದುಕೊಂಡಿತು.

"ಛೆ ಛೆ, ಕಷ್ಟ ಏನೂ ಇಲ್ಲ. ದೇವರ ದಯದಿಂದ ಎಲ್ಲಾ ಚೆನ್ನಾಗಿದೆ!"

ಜಾನೆಟ್ ಪೆನ್ನು ಕೆಳಗಿಟ್ಟಳು. "ಕೆಲಸದಲ್ಲಿ ಶಿಫ್ಟು ಕಡಿಮೆ ಆಗಿದೆ ಅಂತ ನಿಮ್ಮ ಮನೆಯವರು ಫೋನಿನಲ್ಲಿ ಹೇಳಿದ ಹಾಗಿತ್ತು."

"ಹೆಂಗಸರು ಸ್ವಲ್ಪ ಗಾಬರಿ ಬೀಳುತ್ತಾರೆ. ಒಂದಿಷ್ಟು ವಿಶ್ರಾಂತಿ ಸಿಕ್ಕಿದೆ, ಅಷ್ಟೆ."

"ವಿಶ್ರಾಂತಿಯಲ್ಲಿ ಏನು ಮಾಡ್ತೀರಿ?"

ಅವಳ ಕಿಟಕಿಯಾಚೆ ಆ ವರ್ಷದ ಮೊದಲ ಹಿಮ ಉದುರತೊಡಗಿತ್ತು. ಅವಸರವಿಲ್ಲದೆ, ಸದ್ದಿಲ್ಲದೆ, ಇಳಿಯಲೋ ಬೇಡವೋ ಎಂಬಂತೆ ಬೀಳುತ್ತಿದ್ದ ಆ ಬಿಳಿ ಚೂರುಗಳನ್ನು ನೋಡುತ್ತ ನನ್ನ ಮನಸ್ಸು ತೇಲಿತು. ಸರೋವರ ಬಂತು, ಮರದ ಮನೆ ಬಂತು, ಕೆಂಪು ದೋಣಿ ಬಂತು. ನಾನು ಹೇಳುತ್ತಾ ಹೋದೆ. ಬೆಳಗಿನ ಮಂಜು, ಲೂನ್ ಹಕ್ಕಿಯ ಕೂಗು, ದೋಣಿಯಲ್ಲಿ ಓದುವ ಹೆಂಡತಿ... ಬಾಯಿ ಮುಚ್ಚುವಷ್ಟರಲ್ಲಿ ಜಾನೆಟ್ಟಳ ಕಣ್ಣೂ ಅರ್ಧ ಮುಚ್ಚಿತ್ತು.

"ಎಷ್ಟು ಅದೃಷ್ಟವಂತರು ನೀವು" ಎಂದಳು, ನಿಟ್ಟುಸಿರು ಬಿಟ್ಟು. "ನನಗೂ ಸರೋವರದ ಪಕ್ಕ ಒಂದು ಮನೆ ಬೇಕು ಅಂತ ಆಸೆ. ಸಂಬಳ ಸಾಲಲ್ಲ."

ಅದು ಕನಸಿನ ಮನೆ ಎಂದು ಆಗಲಾದರೂ ಹೇಳಬಹುದಿತ್ತು. ಆದರೆ ಅಷ್ಟು ಹೊಗಳಿದ ಮೇಲೆ ಹೇಗೆ ಹೇಳುವುದು? ಮುಜುಗರ ತಪ್ಪಿಸಲು ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದೆ. ತುಪ್ಪದ ಪರಿಮಳ ಆಫೀಸೆಲ್ಲ ತುಂಬಿತು.

"ಅಯ್ಯೋ, ಕ್ಷಮಿಸಿ. ಸಹಾಯಕ್ಕೆ ಅರ್ಜಿ ಹಾಕೋಕೆ ಬಂದವರಿಂದ ನಾವು ಏನನ್ನೂ ತಗೊಳ್ಳೋ ಹಾಗಿಲ್ಲ. ನಿಯಮ."

"ಒಂದೇ ಒಂದು ತುಂಡು ಮೇಡಂ. ಮನೇಲಿ ಮಾಡಿದ್ದು."

"ಇಲ್ಲ, ನಿಜವಾಗಲೂ ಆಗಲ್ಲ."

ಮನೆಯ ತಿಂಡಿಯನ್ನು ಬೇಡವೆನ್ನುವುದೇ? ನನ್ನೊಳಗಿನ ಮೈಸೂರು ಎದ್ದು ನಿಂತಿತು. ಉಪಚಾರದಲ್ಲಿ ನಾನು ಸೋತವನಲ್ಲ! ಲೋನು, ಕಂತು, ಗಡುವು, ವಸುಧಾಳ ಸೀಟು, ಎಲ್ಲವೂ ಆ ಒಂದು ಕ್ಷಣ ಮರೆತುಹೋಯಿತು. ಗಂಭೀರವಾಗಿ ಹೀಗೆ ಘೋಷಿಸಿದೆ:

"ಹಾಗಾದರೆ ನಾನು ಅರ್ಜಿಯನ್ನೇ ಹಾಕುವುದಿಲ್ಲ! ಈಗ ನೀವು ತೆಗೆದುಕೊಳ್ಳಲೇಬೇಕು."

ಜಾನೆಟ್ ನನ್ನ ಕಾಗದದ ಮೇಲೆ ಏನೋ ಗೀಚಿ ಪಕ್ಕಕ್ಕಿಟ್ಟಳು. ಆಮೇಲೆ ಮೈಸೂರು ಪಾಕು ತೆಗೆದುಕೊಂಡಳು. ಒಂದಲ್ಲ, ಮೂರು! ನನಗೆ ಪರಮಾನಂದವಾಯಿತು.

ಅವಳೇ ಎದ್ದು ಬಾಗಿಲವರೆಗೆ ಬಿಡಲು ಬಂದಳು. ಹೊರಗೆ ಹಜಾರದಲ್ಲಿ ಬಲೂನು ಕಟ್ಟಿದ ಒಂದು ಮೇಜು. ಹಳೆಯ ವಿದ್ಯಾರ್ಥಿಗಳಿಂದ ದೇಣಿಗೆ ಸಂಗ್ರಹ. ಸಂಸಾರ ನಡೆಸುತ್ತ ಓದುವ, ಫೀಸಿಗೆ ದುಡ್ಡಿಲ್ಲದ ಹೆಂಗಸರಿಗಾಗಿ ಒಂದು ನಿಧಿ. "ಇವರು ನಮ್ಮ ಹಳೆಯ ವಿದ್ಯಾರ್ಥಿ, ಈಗ ಬಹಳ ಚೆನ್ನಾಗಿದ್ದಾರೆ" ಎಂದು ಜಾನೆಟ್ ಎಲ್ಲರಿಗೂ ಕೇಳುವಂತೆ ಪರಿಚಯಿಸಿದಳು. ಸುತ್ತ ಜನ. ಅವರ ಮುಂದೆ ಮೇಜಿನ ಹಿಂದಿದ್ದವರು ಗಣಪತಿ ಚಂದಾ ಕೇಳಿದಂತೆ ಕೇಳಿಬಿಟ್ಟರು. ಸೂಟು ಹಾಕಿಕೊಂಡು ಇಲ್ಲ ಎನ್ನಲಾಗುತ್ತದೆಯೇ? ಪ್ರತಿ ತಿಂಗಳೂ ಕೊಡುತ್ತೇನೆಂದು ಬರೆದು ಸಹಿ ಹಾಕಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈ ಬೀಸಿ, ಶ್ರೀಪಾದನ ಕಾರು ಹತ್ತಿದೆ.

ಹಿಮದಲ್ಲಿ ಕಾರು ತೇಲಿದಂತೆ ಸಾಗುತ್ತಿತ್ತು. ಮನಸ್ಸು ಹಗುರ, ಊರೆಲ್ಲ ಬೆಳ್ಳಗೆ. ಎಷ್ಟು ಒಳ್ಳೆಯ ಜನ, ಎಷ್ಟು ಒಳ್ಳೆಯ ದೇಶ! ಮಾಲ್ಟನ್ ಹತ್ತಿರ ಬಂದಾಗ ವಿಮಾನವೊಂದು ತಲೆಯ ಮೇಲೆ ಗುಡುಗಿಕೊಂಡು ಹೋಯಿತು. ಎಚ್ಚರವಾಯಿತು. ಅಯ್ಯೋ, ಕಂತು!

ವಸುಧಾ ಹುರುಳಿಕಾಯಿ ಹೆಚ್ಚುತ್ತಿದ್ದಳು. "ಏನಾಯ್ತು?"

"ಮಾತುಕತೆ ಬಹಳ ಸೌಹಾರ್ದಯುತವಾಗಿತ್ತು."

"ಕಂತು ಇಳೀತಾ?"

"ಇಳೀಲಿಲ್ಲ. ಇನ್ನೊಂದು ಸೇರ್ತು."

ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ, ಚಾಕು ಬಿಸಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಚಾಕುವನ್ನು ಮೆಲ್ಲಗೆ ಮಣೆಯ ಮೇಲಿಟ್ಟಳು.

"ನಾನು ಯಾವಾಗ ಓದೋದು ರೀ?" ಎಂದಳು. ಅಷ್ಟೇ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲಾಗಲಿಲ್ಲ. ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಟೈ ಕೂಡ ಬಿಚ್ಚದೆ ಲ್ಯಾಪ್‌ಟಾಪ್ ತೆಗೆದು ಪಾಸ್‌ವರ್ಡ್ ಹಾಕಿ ಬಟನ್ ಒತ್ತಿದೆ. ಕುಕ್ಕರ್ ಕೂಗುವುದರೊಳಗೆ ಕೆಲಸ ಮುಗಿಯಿತು. ಆದರೆ ಉತ್ತರ ಬರಲು ಕೆಲವು ವಾರ ಬೇಕೆಂದು ಅದರಲ್ಲೇ ಬರೆದಿತ್ತು. ಶುಕ್ರವಾರಕ್ಕೆ ಅದು ಉಪಯೋಗಕ್ಕೆ ಬರುವಂತಿರಲಿಲ್ಲ.

ಮರುದಿನ ವಸುಧಾ ಡೇಕೇರಿನಿಂದ ಹಾಗೇ ಬಸ್ಸು ಹತ್ತಿ ಜಾನೆಟ್ಟಳ ಹತ್ತಿರ ಹೋದಳು. ಏಪ್ರನ್ನಿನ ಮೇಲೆ ಯಾವುದೋ ಮಗು ಮೆತ್ತಿದ ಹಸಿರು ಬಣ್ಣ, ತೋಳಿನ ಮೇಲೆ ಅಂಟಿನ ಕಲೆ. ಸಂಜೆ ಬಂದವಳೇ ಬೂಟು ಬಿಚ್ಚುತ್ತಾ, "ಫೀಸು ಆಯ್ತು" ಎಂದಳು.

"ಹೇಗೆ?"

"ಅದೇ ಹೆಂಗಸರ ಫಂಡಿಂದ ಕೊಡ್ತಾರಂತೆ. ಸೀಟು ಉಳೀತು."

"ಏನು ಹೇಳಿದೆ ಅವಳಿಗೆ?"

"ಇದ್ದದ್ದು ಇದ್ದ ಹಾಗೆ ಹೇಳ್ದೆ. ಮನೆಯವರ ಶಿಫ್ಟು ಕಡಿಮೆ ಆಗಿದೆ, ಫೀಸಿಗೆ ಸಾಲ್ತಾ ಇಲ್ಲ, ಓದ್ಬೇಕು ಅಂತ ತುಂಬಾ ಆಸೆ ಇದೆ ಅಂದೆ."

"ಅಷ್ಟೇನಾ?"

"ಮತ್ತಿನ್ನೇನು, ಸ್ವೀಟ್ ಹಂಚಬೇಕಿತ್ತಾ?"

ನಾನು ಗಂಟಲು ಸರಿಮಾಡಿಕೊಂಡೆ. "ನಿನ್ನೆ ಬಂದಿದ್ದೋರೇ ನನ್ನ ಗಂಡ ಅಂತ ಹೇಳಿದ್ಯಾ?"

"ನಂಗೇನು ಹುಚ್ಚಾ?"

ನಮ್ಮಿಬ್ಬರ ಪಾಸ್‌ಪೋರ್ಟು ನೋಡಿ ಗಂಡ ಹೆಂಡತಿ ಎಂದು ಬ್ರಹ್ಮನೂ ಕಂಡುಹಿಡಿಯಲಾರ. ಅವಳ ಹೆಸರಿನ ಹಿಂದೆ ಅವರಪ್ಪನ ಹೆಸರು, ನನ್ನದರ ಹಿಂದೆ ಊರಿನ ಹೆಸರು. ಹಾಗಾಗಿ ಗುಟ್ಟು ಉಳಿಯಿತು. ದೇಣಿಗೆ ನಿಲ್ಲಿಸಲು ಫೋನ್ ಮಾಡಲೇ ಎಂದು ಕೇಳಿದೆ.

"ಏನೂ ಬೇಡ. ನನ್ನಂಥೋರಿಗೇ ತಾನೆ ಹೋಗೋದು? ಕೊಡಿ. ಆದ್ರೆ ನಿಮ್ಮ ಕಾಫಿ, ಡೋನಟ್ ದುಡ್ಡಲ್ಲಿ ಕೊಡಿ" ಎಂದು ತೀರ್ಪು ಕೊಟ್ಟಳು. ಮುಂದೆ ಲೋನಿನ ಕಂತೂ ಇಳಿಯಿತು, ಬಟನ್ನಿನ ದಯೆಯಿಂದ.

ಹಿಮ ಕರಗುವ ಹೊತ್ತಿಗೆ ಕಾಲೇಜಿನಿಂದ ಆಹ್ವಾನ ಬಂತು. ದಾನಿಗಳಿಗೂ ಸಹಾಯ ಪಡೆದವರಿಗೂ ಒಟ್ಟಿಗೆ ಚಹಾಕೂಟ! ಒಂದೇ ಮನೆಗೆ ಎರಡು ಆಹ್ವಾನ. ಒಂದೇ ಬಸ್ಸಿನಲ್ಲಿ ಹೋದೆವು, ಬೇರೆ ಬೇರೆ ಬಾಗಿಲಿನಿಂದ ಒಳಗೆ ಹೊಕ್ಕೆವು. ನನ್ನ ಕೋಟಿಗೆ ನೀಲಿ ರಿಬ್ಬನ್ ಚುಚ್ಚಿದರು. ಜಾನೆಟ್ ನನ್ನ ಕೈಹಿಡಿದು ನೇರವಾಗಿ ವಸುಧಾಳ ಮುಂದೆ ತಂದು ನಿಲ್ಲಿಸಿದಳು.

"ಇವರು ನಮ್ಮ ಅತ್ಯುತ್ತಮ ವಿದ್ಯಾರ್ಥಿನಿ. ನಿಮ್ಮಿಬ್ಬರಿಗೂ ಪರಿಚಯ ಇದೆಯಾ?"

ನಾನು ರಿಬ್ಬನ್ ಸರಿಮಾಡಿಕೊಳ್ಳತೊಡಗಿದೆ. ವಸುಧಾ ನನ್ನನ್ನು ಶಾಂತವಾಗಿ ನೋಡಿದಳು.

"ಮುಖ ಪರಿಚಯ ಇದೆ" ಎಂದಳು.

ನಂತರ ಎಲ್ಲರ ಮುಂದೆ ನನ್ನ ಕೈ ಕುಲುಕಿ, ತುಂಬು ಹೃದಯದ ಧನ್ಯವಾದಗಳನ್ನು ಇಂಗ್ಲಿಷಿನಲ್ಲಿ ಅರ್ಪಿಸಿ, ಕನ್ನಡದಲ್ಲಿ ಮೆಲ್ಲಗೆ, "ಟೈ ಸರಿ ಮಾಡ್ಕೊಳ್ಳಿ, ಫೋಟೋ ತೆಗೀತಿದಾರೆ" ಎಂದಳು.

ಆ ಫೋಟೋ ಈಗಲೂ ಕಾಲೇಜಿನ ಹಜಾರದಲ್ಲಿದೆ. 'ಉದಾರ ದಾನಿಯೊಂದಿಗೆ ಕೃತಜ್ಞ ವಿದ್ಯಾರ್ಥಿನಿ' ಎಂದು ಕೆಳಗೆ ದೊಡ್ಡದಾಗಿ ಬರೆದಿದ್ದಾರೆ. ಕೆನಡಾಕ್ಕೆ ಬಂದ ಮೇಲೆ ನಾವಿಬ್ಬರೂ ಜೊತೆಗೆ ನಿಂತು ತೆಗೆಸಿಕೊಂಡ ಒಳ್ಳೆಯ ಫೋಟೋ ಅದೊಂದೇ. ನಮ್ಮ ಮದುವೆ ಆಲ್ಬಮ್ಮಿನಲ್ಲೂ ವಸುಧಾ ಅಷ್ಟು ಚೆನ್ನಾಗಿ ನಕ್ಕಿಲ್ಲ. ನಾನು ಮಾತ್ರ ಕಣ್ಣು ಮುಚ್ಚಿಕೊಂಡಿದ್ದೇನೆ!